ತಾರೀಖು ಇಲ್ಲದ ಪುಸ್ತಕ

ಸೋಮವಾರಪೇಟೆಯಲ್ಲಿ ಮಾವನ ಪುಸ್ತಕದಂಗಡಿ ಮುಚ್ಚಿ ಮೂರು ವರ್ಷವಾಗಿತ್ತು. ಹಿಂದಿನ ಗೋದಾಮು ಮಾತ್ರ ಹಾಗೇ ಉಳಿದಿತ್ತು. ಕಟ್ಟಡದವರು ಆಗಸ್ಟ್ 3ರೊಳಗೆ ಖಾಲಿ ಮಾಡಿಕೊಡಿ ಅಂದರು. ಕೊಡಗಿನಲ್ಲಿ ಆಗಸ್ಟ್ 3 ಅಂದರೆ ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ತಿನ್ನುವ ದಿನ, ಜೊತೆಗೆ ಜಡಿಮಳೆಯ ದಿನ. ಕಾಗದದ ಸಾಮಾನು ಸಾಗಿಸೋದಕ್ಕೆ ವರ್ಷದಲ್ಲಿ ಅದಕ್ಕಿಂತ ಕೆಟ್ಟ ದಿನ ಹುಡುಕಿದರೂ ಸಿಗುವುದಿಲ್ಲ. ನಾನು ಹೋಗಿದ್ದು ಮಾವನಿಗೆ ಸಹಾಯ ಮಾಡೋಕೆ ಅಂತ ಎಲ್ಲರಿಗೂ ಹೇಳಿದ್ದೆ. ನಿಜ ಹೇಳಬೇಕೆಂದರೆ ಅತ್ತೆಯ ಪಾಯಸಕ್ಕೆ.

ಬಾಗಿಲು ತೆಗೆದ ಕೂಡಲೇ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಹಳೇ ಗೈಡುಗಳು, ಮಗ್ಗಿ ಪುಸ್ತಕಗಳು, ನೀರು ಕುಡಿದು ಉಬ್ಬಿದ ನೋಟ್‌ಬುಕ್ಕುಗಳು. ಗೋಡೆಗೆ ತಾಗಿದ್ದನ್ನೆಲ್ಲ ಗೆದ್ದಲು ಮುಗಿಸಿತ್ತು. ನಡುವೆ ಮರದ ಬೆಂಚಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿಟ್ಟ ನಾಲ್ಕು ಕಟ್ಟು ಮಾತ್ರ ಸುಮಾರಾಗಿದ್ದವು. ಮಾವ ಹಗ್ಗ ಬಿಚ್ಚಿದರು. ಅಮರ ಚಿತ್ರ ಕಥೆ.

ನನ್ನ ಬಾಲ್ಯ ಆ ಕಟ್ಟಿನಲ್ಲಿತ್ತು ಅಂದರೆ ಸ್ವಲ್ಪ ಜಾಸ್ತಿ ಆಯಿತು. ಆದರೆ ಮಳೆಗಾಲವಂತೂ ಅದರಲ್ಲೇ ಇತ್ತು. ಜೂನ್-ಜುಲೈನಲ್ಲಿ ನಮ್ಮ ಕಡೆ ಶಾಲೆಗೆ ಮಳೆ ರಜೆ ಸಿಗುತ್ತದೆ. ಕರೆಂಟು ಹೋದರೆ ನಾಲ್ಕು ದಿನ ಬರುವುದಿಲ್ಲ. ಆಗ ಮಾವ ಕಾಮಿಕ್ಸನ್ನು ಬಾಡಿಗೆಗೆ ಕೊಡುತ್ತಿದ್ದರು. ದಿನಕ್ಕೆ ನಾಲ್ಕಾಣೆ. ಕೊಡೆ ಹಿಡಿದು, ಪುಸ್ತಕವನ್ನು ಹೊಟ್ಟೆಗೆ ಅವಚಿಕೊಂಡು ಮಕ್ಕಳು ಓಡುತ್ತಿದ್ದರು. ಮುಂಬೈನ ಪ್ರಕಾಶಕರು ಒಂದು ಪುಸ್ತಕ ಮಾರಿದರೆ ಮಾವ ಅದನ್ನೇ ನಲವತ್ತು ಸಲ ಮಾರುತ್ತಿದ್ದರು ಅನ್ನಿ.

ನನಗೆ ಒಂದು ಕೊರಗಿತ್ತು. ಪುಸ್ತಕದ ರಟ್ಟಿನ ಮೇಲೆ ಎಲ್ಲ ಕಥೆಗಳ ಪಟ್ಟಿ ಇರುತ್ತಿತ್ತು. ಅದು ಶುರುವಾಗುತ್ತಿದ್ದುದೇ 11ರಿಂದ. 11 ಕೃಷ್ಣ, 12 ಶಕುಂತಲಾ, 13 ಪಾಂಡವರು, 14 ಸಾವಿತ್ರಿ, 15 ರಾಮ. ಹಾಗಾದರೆ ಒಂದರಿಂದ ಹತ್ತು ಎಲ್ಲಿ? ರಾಮ, ಕೃಷ್ಣರಿಗಿಂತ ಮೊದಲು ಬರುವ ಹತ್ತು ಜನ ಯಾರಿದ್ದಾರೆ? ಗಣಪತಿಯೊಬ್ಬ ಇರಬಹುದು. ಉಳಿದ ಒಂಬತ್ತು? ಇದನ್ನು ಯೋಚಿಸುತ್ತಾ ನಾನು ಎಷ್ಟೋ ರಾತ್ರಿ ನಿದ್ದೆ ಕಳೆದುಕೊಂಡಿದ್ದೇನೆ. ಮಾವನನ್ನು ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಆರ್ಡರ್ ಹಾಕಿದ್ದೀನಿ ಪುಟ್ಟಿ, ಮುಂದಿನ ಪಾರ್ಸೆಲ್‌ಗೆ ಬರುತ್ತೆ."

ಸುಮ್ನೆ ಹೇಳ್ತಾರೆ ಅಂದುಕೊಂಡಿದ್ದೆ. ಅವತ್ತು ಕಟ್ಟಿನ ಕೆಳಗೆ ಆರ್ಡರ್ ಪುಸ್ತಕಗಳು ಸಿಕ್ಕವು. ಕಾರ್ಬನ್ ಹಾಕಿ ಬರೆದ ನೀಲಿ ಅಕ್ಷರ. 1978, 79, 81... ಪ್ರತಿ ತಿಂಗಳ ಕೊನೆಯಲ್ಲೂ ಒಂದು ಸಾಲು: "ನಂ. 1ರಿಂದ 10, ತಲಾ 2 ಪ್ರತಿ. ಬಾಕಿ." ಬಾಕಿ ಎಂಬ ಪದವನ್ನು ಮಾವ ಹನ್ನೊಂದು ವರ್ಷ ಬರೆದಿದ್ದರು. ಏಜೆಂಟರೂ ಅಷ್ಟೇ, ಇಲ್ಲ ಅಂತಲೂ ಹೇಳಲಿಲ್ಲ, ಕಳಿಸಲೂ ಇಲ್ಲ.

ನಾನು ಕೆಳಗೆ ಕೂತು ನಗೋಕೆ ಶುರು ಮಾಡಿದೆ. ಯಾಕೆಂದರೆ ಉತ್ತರ ನನಗೆ ಕೆಲವು ವರ್ಷಗಳ ಹಿಂದೆಯೇ ಗೊತ್ತಾಗಿತ್ತು. ಮಾವನಿಗೆ ಹೇಳಿರಲಿಲ್ಲ, ಅಷ್ಟೇ.

"ಮಾವ, ಆ ಹತ್ತು ಪುಸ್ತಕ ಕನ್ನಡದ್ದು."

"ಏನು?"

"ಮೊದಲ ಹತ್ತು ಬಂದಿದ್ದು ಕನ್ನಡದಲ್ಲಿ. ಅದಕ್ಕೇ ಇಂಗ್ಲಿಷ್ ಪಟ್ಟಿ ಹನ್ನೊಂದರಿಂದ ಶುರು."

ಮಾವ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಆರ್ಡರ್ ಪುಸ್ತಕ ನೋಡಿದರು. "ನಾನು ಇಂಗ್ಲಿಷ್ ಫಾರಂನಲ್ಲಿ ಬರೀತಿದ್ನಲ್ಲ ಮಾರಾಯ್ತಿ!"

ಈ ಕಥೆ ಹೇಳಿದವರು ಜಿ.ಕೆ. ಅನಂತರಾಮ್. ಇಂಡಿಯಾ ಬುಕ್ ಹೌಸ್ ಪ್ರಕಾಶನದ ಬೆಂಗಳೂರು ಕಡೆಯ ಪುಸ್ತಕ ವ್ಯಾಪಾರ ನೋಡಿಕೊಳ್ಳುತ್ತಿದ್ದವರು. ಅವರು ಹೇಳುವಂತೆ, 1965ರಲ್ಲಿ ಅಮರ ಚಿತ್ರ ಕಥೆ ಹೆಸರಿನ ಮೊದಲ ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ. ಅವು ಚೆನ್ನಾಗಿ ಮಾರಾಟವಾದವು. ಅದನ್ನು ನೋಡಿದ ಮೇಲೆಯೇ ಮುಂಬೈ ಕಚೇರಿಯ ಮಿರ್ಚಂದಾನಿಯವರಿಗೆ ಇದರಲ್ಲಿ ದುಡ್ಡಿದೆ ಅನ್ನಿಸಿ, ಮುಂದೆ ಇದರ ಸಂಪಾದಕರಾದ ಅನಂತ ಪೈ ಅವರನ್ನು ಕರೆತಂದರಂತೆ. ಆ ಹತ್ತರಲ್ಲಿ ಇದ್ದದ್ದು ಯಾರು ಗೊತ್ತಾ? ಸಿಂಡ್ರೆಲಾ, ಸ್ನೋ ವೈಟ್, ಅಲ್ಲಾದೀನ್, ಪಿನೋಕಿಯೋ. ಗಣಪತಿ ಇರಲೇ ಇಲ್ಲ.

ಜನ ಸಾಮಾನ್ಯವಾಗಿ ಹೇಳುವ ಕಥೆ ಬೇರೆ. ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಚಿಕ್ಕಂದಿನಲ್ಲೇ ಅಪ್ಪ-ಅಮ್ಮನನ್ನು ಕಳೆದುಕೊಂಡು, ಹನ್ನೆರಡನೇ ವಯಸ್ಸಿಗೆ ಮುಂಬೈ ಸೇರಿದರು. ಓದಿದ್ದು ರಸಾಯನ ಶಾಸ್ತ್ರ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿದ್ದಾಗ 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನ ಕೆಲಸ ಮಾಡಿದರು. ಅದರಲ್ಲಿ ಹೀರೋ ಫ್ಯಾಂಟಮ್. 1967ರಲ್ಲಿ ದೂರದರ್ಶನದ ಕ್ವಿಜ್ ಒಂದನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರು ಅನ್ನುವುದು ಗೊತ್ತಾಗಲಿಲ್ಲ. ಅಲ್ಲಿಂದ ಅಮರ ಚಿತ್ರ ಕಥೆ ಹುಟ್ಟಿತು.

ಎರಡರಲ್ಲಿ ಯಾವುದು ಸರಿ? ಮಾವ ಅರ್ಧ ಸೆಕೆಂಡೂ ಯೋಚಿಸಲಿಲ್ಲ. "ಎರಡೂ ಸರಿ. ಟೀವಿ ನೋಡಿ ಬೇಜಾರಾಗೋದು ಬೇರೆ, ಅಚ್ಚು ಹಾಕೋಕೆ ದುಡ್ಡು ಕೊಡೋನು ಒಪ್ಪೋದು ಬೇರೆ. ದುಡ್ಡು ಕೊಡೋನು ಮೊದಲು ಕೇಳೋದು, ಎಷ್ಟು ಹೋಗುತ್ತೆ ಅಂತ." ಮೂವತ್ತು ವರ್ಷಕ್ಕೂ ಮೇಲೆ ಗಲ್ಲಾದಲ್ಲಿ ಕೂತವರ ಮಾತು. ನಾನು ಒಪ್ಪಿದೆ. ಆದರೂ ಒಂದು ಸೇರಿಸುತ್ತೇನೆ. ಬೆಂಗಳೂರಿನವರು ತೋರಿಸಿದ್ದು ಇದು ಮಾರುತ್ತೆ ಅನ್ನುವುದನ್ನು. ಸಿಂಡ್ರೆಲಾ ಬಿಟ್ಟು ಕೃಷ್ಣನನ್ನು ತಂದಿದ್ದು ಪೈ. ಸಿಂಡ್ರೆಲಾದಲ್ಲೇ ನಿಂತಿದ್ದರೆ ಅದು ಹತ್ತಕ್ಕೇ ಮುಗಿಯುತ್ತಿತ್ತು ಅನ್ನಿಸುತ್ತದೆ.

ಕೃಷ್ಣನ ಚಿತ್ರ ಬರೆದವರು ರಾಮ್ ವಾಯೀರ್ಕರ್. ಶುರುವಿನಲ್ಲಿ ಹಳದಿ, ನೀಲಿ, ಹಸಿರಿನಲ್ಲೇ ಕೆಲಸ ಸಾಗಿಸುತ್ತಿದ್ದರಂತೆ. ಪೂರ್ತಿ ಬಣ್ಣ ಬಂದದ್ದು ಆಮೇಲೆ. ನಮ್ಮ ಕಟ್ಟಿನಲ್ಲಿದ್ದ ಕೃಷ್ಣನಿಗೆ ಕೊಡಗಿನ ಮಳೆ ನಾಲ್ಕನೇ ಬಣ್ಣವೊಂದನ್ನು ಸೇರಿಸಿತ್ತು. ಕಂದು.

ಹನ್ನೊಂದು ಗಂಟೆಗೆ ಅತ್ತೆ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬದಲ್ಲಿ ಪಾಯಸ ಕಳಿಸಿದರು. ಮದ್ದು ಸೊಪ್ಪಿನ ನೇರಳೆ ಬಣ್ಣ ಗೊತ್ತಲ್ವಾ, ಬೆರಳಿಗೆ ಹತ್ತಿದರೆ ಬಿಡುವುದಿಲ್ಲ. ಶಕುಂತಲೆಯ ಮುಖಪುಟದ ಮೇಲೆ ನನ್ನ ಹೆಬ್ಬೆರಳಿನ ಗುರುತು ಬಿತ್ತು. "ಇನ್ನು ಅದನ್ನ ಯಾರೂ ತಗೊಳಲ್ಲ" ಅಂದರು ಮಾವ. ಅಂಗಡಿ ಮುಚ್ಚಿ ಮೂರು ವರ್ಷವಾದ ಮೇಲೂ ಈ ಲೆಕ್ಕ!

ಆಗಲೇ ಮಾವ ಅವರ ವ್ಯಾಪಾರದ ಗುಟ್ಟು ಹೇಳಿದ್ದು. ಅದನ್ನು ಅವರು ಗುಟ್ಟು ಅಂತ ಹೇಳಲಿಲ್ಲ. ಬೈಯುತ್ತಾ ಹೇಳಿದರು.

"ವಾರಪತ್ರಿಕೆಗೆ ಮುಂದಿನ ವಾರ ಬಂದ್ರೆ ಆಯಸ್ಸು ಮುಗೀತು. ಮುಖಪುಟದ ಹೆಸರು ಕತ್ತರಿಸಿ ರಿಟರ್ನ್ ಕಳಿಸ್ಬೇಕು. ಮಳೆಗೆ ಬಸ್ಸು ನಿಂತ್ರೆ ಪತ್ರಿಕೆ ಬರೋ ಹೊತ್ತಿಗೇ ಹಳಸಿರ್ತಿತ್ತು. ಇದಕ್ಕೆ ಆ ಕಾಟ ಇಲ್ಲ. ನೋಡು, ಎಲ್ಲಾದ್ರೂ ತಾರೀಖು ಇದೆಯಾ?"

ತಿರುಗಿಸಿ ನೋಡಿದೆ. ಮುಖಪುಟದಲ್ಲಿ ತಿಂಗಳಿಲ್ಲ, ವಾರವಿಲ್ಲ. ನಂಬರು ಮಾತ್ರ ಇತ್ತು.

ಇಷ್ಟು ವರ್ಷ ಇದನ್ನು ಗಮನಿಸಿಯೇ ಇರಲಿಲ್ಲ. ಹೊರಗೆ ನೋಡಿದರೆ ಕಾಮಿಕ್ಸ್, ವ್ಯಾಪಾರದಲ್ಲಿ ಪುಸ್ತಕ. ಎಪ್ಪತ್ತರ ದಶಕದ ಸಾವಿತ್ರಿಯನ್ನು 1985ರ ಮಗು ಕೊಳ್ಳುತ್ತದೆ. ಅಂಗಡಿಯಲ್ಲಿ ಉಳಿದರೂ ಹಳತಾಗಲ್ಲ. ಪ್ರಕಾಶಕರಿಗೂ ಅಷ್ಟೇ: ಒಂದು ಸಲ ಕಥೆ ಬರೆಸಿ, ಚಿತ್ರ ಬರೆಸಿ, ತಿದ್ದಿಸಿದರೆ ಮುಗಿಯಿತು. ಆಮೇಲೆ ಕಾಗದ, ಮಸಿಯ ಖರ್ಚು. ಬೇಕಾದಾಗೆಲ್ಲ ಮತ್ತೆ ಅಚ್ಚು ಹಾಕಬಹುದು. ಮಾತಿನ ಗುಳ್ಳೆಯೊಳಗಿನ ಅಕ್ಷರ ಬದಲಿಸಿದರೆ ಅದೇ ಚಿತ್ರ ಇನ್ನೊಂದು ಭಾಷೆಗೂ ಆಯಿತು. ಹೀಗೆ 400ಕ್ಕೂ ಹೆಚ್ಚು ಪುಸ್ತಕ, 20 ಭಾಷೆ, ಒಟ್ಟು 10 ಕೋಟಿ ಪ್ರತಿ ಎಂದು ಕಂಪನಿಯ ಲೆಕ್ಕ. ಅದರಲ್ಲಿ ಸೋಮವಾರಪೇಟೆಯ ಪಾಲು ಎಷ್ಟು ಅಂತ ಮಾವನ ಪುಸ್ತಕ ನೋಡಿ ಕೂಡಿಸಬಹುದಿತ್ತು. ಗೆದ್ದಲು ಎರಡು ವರ್ಷದ ಲೆಕ್ಕ ತಿಂದಿತ್ತು, ಬಿಟ್ಟೆ.

ಮೊದಮೊದಲು ಶಾಲೆಯವರಿಗೆ ಕಾಮಿಕ್ಸ್ ಅಂದರೆ ಆಗುತ್ತಿರಲಿಲ್ಲ. ಓದೋ ಮಕ್ಕಳನ್ನ ಹಾಳು ಮಾಡ್ತೀರಿ ಅಂತ ಮಾವನಿಗೆ ಒಬ್ಬ ಮೇಷ್ಟ್ರು ನೇರವಾಗಿಯೇ ಹೇಳಿದ್ದರಂತೆ. ಪೈ ಅವರಿಗೆ ಈ ಕಷ್ಟ ಗೊತ್ತಿತ್ತು. 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಅಂತ ವಿಚಾರ ಸಂಕಿರಣವನ್ನೇ ಮಾಡಿಸಿದರು. ಅಷ್ಟು ದೂರದ ಗಾಳಿ ನಮ್ಮೂರಿಗೆ ಬೀಸಿತೋ ಏನೋ, ಕೆಲವು ವರ್ಷದಲ್ಲಿ ಅದೇ ಮೇಷ್ಟ್ರು ಸ್ವಾತಂತ್ರ್ಯ ದಿನದ ಬಹುಮಾನಕ್ಕೆ ಹನ್ನೆರಡು ಪ್ರತಿ ಕೊಂಡರು. ಡಿಸ್ಕೌಂಟ್ ಕೇಳಿದರು.

ಮಾವನಿಗೆ ವ್ಯಾಪಾರವಿದ್ದದ್ದು ಎರಡು ಹೊತ್ತು. ಏಪ್ರಿಲ್ ರಜೆಯಲ್ಲಿ ಒಂದು. ಕಾಫಿ ಕುಯ್ಲು ಮುಗಿದು ಕೈಯಲ್ಲಿ ಕಾಸು ಓಡಾಡುವಾಗ ಇನ್ನೊಂದು. ಸೋಮವಾರದ ಸಂತೆಗೆ ಬಂದ, ತೋಟದ ಲೆಕ್ಕ ಬರೆಯುವ ರೈಟರುಗಳು ಮೆಣಸಿನಕಾಯಿ, ಒಣಮೀನಿನ ಜೊತೆಗೆ ಮಗಳಿಗೊಂದು ಪುಸ್ತಕ ಒಯ್ಯುತ್ತಿದ್ದರು. ಕಾನ್ವೆಂಟ್ ಮಕ್ಕಳಿಗೆ ಇಂಗ್ಲಿಷ್ ಬೇಕು. ನಮ್ಮಂಥವರಿಗೆ ಕನ್ನಡ. ಆದರೆ ಏಜೆಂಟರ ಪಾರ್ಸೆಲ್‌ನಲ್ಲಿ ಕನ್ನಡದ್ದು ಬರುತ್ತಿದ್ದುದು ಅಪರೂಪ. "ಇಲ್ಲಿ ಯಾರು ಕೇಳ್ತಾರೆ" ಅನ್ನೋರು ಏಜೆಂಟರು. ಕೇಳೋರು ಇಲ್ಲೇ ಇದ್ದೆವು. ಕನ್ನಡದಲ್ಲಿ ಕಣ್ಣು ಬಿಟ್ಟ ಪುಸ್ತಕವನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ, ಅರ್ಧ ಅರ್ಥವಾಗದೆ, ಚಿತ್ರ ನೋಡಿಕೊಂಡು. ಈ ಒಂದು ವಿಷಯಕ್ಕೆ ನನಗೆ ಈಗಲೂ ಸಿಟ್ಟಿದೆ.

1980ರಲ್ಲಿ ಅದೇ ಕಂಪನಿಯ ಟಿಂಕಲ್ ಬಂತು. ಸುಪ್ಪಂದಿ, ಶಿಕಾರಿ ಶಂಭು, ಕಾಗೆ ಕಾಲಿಯಾ. ಹೆದರುಪುಕ್ಕಲ ಶಂಭು ಹುಲಿ ಹಿಡಿಯುವುದನ್ನು ಓದಿ ನಮ್ಮಲ್ಲಿ ನಕ್ಕಷ್ಟು ಬೇರೆಲ್ಲೂ ನಕ್ಕಿರಲಿಕ್ಕಿಲ್ಲ. ಮನೆಗೊಂದು ಕೋವಿ ಇರುವ ಜಿಲ್ಲೆ, ಪ್ರತಿ ಊರಿನಲ್ಲೂ ಒಬ್ಬ ಶಂಭು ಗ್ಯಾರಂಟಿ. ಮಾವನಿಗೆ ಟಿಂಕಲ್ ಮೇಲೆ ಪ್ರೀತಿ ಕಮ್ಮಿ. ಅದು ಪತ್ರಿಕೆ, ಹೊಸ ಸಂಚಿಕೆ ಬಂದರೆ ಹಳೆಯದನ್ನು ಯಾರೂ ಮುಟ್ಟುತ್ತಿರಲಿಲ್ಲ. ಕಂಪನಿಯವರಿಗೂ ಅದು ಹೊಳೆದಿರಬೇಕು. ಹಳೇ ಸಂಚಿಕೆಗಳ ಕಥೆ ಆರಿಸಿ ಡೈಜೆಸ್ಟ್ ಅಂತ ದಪ್ಪ ಪುಸ್ತಕ ಮಾಡಿ ಮತ್ತೆ ಮಾರಿದರು. ಹಳಸಿದ ಅನ್ನಕ್ಕೆ ಒಗ್ಗರಣೆ ಹಾಕಿದರೆ ಚಿತ್ರಾನ್ನ ಅಂತ ಅತ್ತೆ ಮಾಡುವುದೂ ಇದನ್ನೇ.

ಮುಂದಿನದು ಬೇಗ ಮುಗಿಯಿತು. 1987ರಲ್ಲಿ ಟೀವಿಯಲ್ಲಿ ರಾಮಾಯಣ, ಮರುವರ್ಷ ಮಹಾಭಾರತ. ಮೊದಲು ವ್ಯಾಪಾರ ಏರಿತು ಅನ್ನುತ್ತಾರೆ ಮಾವ. ಭಾನುವಾರ ಟೀವಿಯಲ್ಲಿ ಕಂಡದ್ದನ್ನು ಸೋಮವಾರ ಸಂತೆಯಲ್ಲಿ ಕೇಳೋರು. ಅಮರ ಚಿತ್ರ ಕಥೆಯವರು ಮಹಾಭಾರತವನ್ನೇ 42 ಭಾಗ ಮಾಡಿ ತಂದಿದ್ದರು. ಎಲ್ಲವನ್ನೂ ಕೊಳ್ಳುವ ಹಟಕ್ಕೆ ಬಿದ್ದ ಒಬ್ಬ ತೋಟದ ಮಾಲೀಕರ ಮಗ 39ಕ್ಕೆ ನಿಲ್ಲಿಸಿದನಂತೆ. ಉಳಿದ ಮೂರು ಈ ಕಟ್ಟಿನಲ್ಲೇ ಇದ್ದವು. ಆಮೇಲೆ ಕೇಬಲ್ ಬಂತು. 1991ರ ಹೊತ್ತಿಗೆ ಹೊಸ ಪುಸ್ತಕಗಳು ಬರುವುದು ಹೆಚ್ಚುಕಡಿಮೆ ನಿಂತಿತು. ಹಳೆಯದರ ಮರುಮುದ್ರಣ ಮಾತ್ರ ನಡೆಯಿತು. ತಾರೀಖು ಇಲ್ಲದ್ದರ ಉಪಯೋಗ ಆಗ ಕಾಣಿಸಿತು. ಇಂದ್ರಜಾಲ 1990ಕ್ಕೆ ನಿಂತುಹೋಯಿತು. ಅಮರ ಚಿತ್ರ ಕಥೆ ಹೊಸದೇನೂ ಇಲ್ಲದೆ ವರ್ಷಗಟ್ಟಲೆ ಉಸಿರಾಡಿತು. 2007ರಲ್ಲಿ ಅದನ್ನು ಇಂಡಿಯಾ ಬುಕ್ ಹೌಸ್‌ನಿಂದ ಎಸಿಕೆ ಮೀಡಿಯಾ ಅನ್ನುವ ಹೊಸ ಕಂಪನಿ ಕೊಂಡಿತು. 2011ರಲ್ಲಿ ಅದರ ದೊಡ್ಡ ಪಾಲು ಫ್ಯೂಚರ್ ಗ್ರೂಪ್‌ಗೆ ಹೋಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಪೈ ತೀರಿಕೊಂಡರು.

"ಕೊಂಡೋರು ಏನು ಕೊಂಡ್ರು ಹೇಳು?" ಅಂದರು ಮಾವ. "ಅಂಗಡೀನಾ, ಮಿಷಿನ್ನಾ? ಹಳೇ ಚಿತ್ರ. ಅಷ್ಟೇ. ಅದಕ್ಕೆ ದುಡ್ಡು."

ಮೂರು ಗಂಟೆಗೆ ಗುಜರಿಯವರ ಆಟೋ ಬಂತು. ಗೈಡು, ನೋಟ್‌ಬುಕ್ಕು ಎಲ್ಲ ತೂಕಕ್ಕೆ ಹೋದವು. ಚಿತ್ರಕಥೆಯ ಕಟ್ಟುಗಳನ್ನು ನಾವಿಬ್ಬರೂ ಮತ್ತೊಂದು ಸಲ ಬಿಚ್ಚಿದೆವು. ಪುಟ ಪುಟ ಅಂಟಿಕೊಂಡದ್ದೇ ಜಾಸ್ತಿ. ಓದಲು ಆಗುವಂಥದ್ದು ಮೂವತ್ತಾರು ಸಿಕ್ಕಿತು. ಅದನ್ನು ನನ್ನ ಚೀಲಕ್ಕೆ ತುಂಬಿದೆ, ಹೆಬ್ಬೆರಳಿನ ಗುರುತಿನ ಶಕುಂತಲೆಯನ್ನೂ ಸೇರಿಸಿ. ಆರ್ಡರ್ ಪುಸ್ತಕಗಳನ್ನು ಕೊಡಿ ಅಂದೆ. ಮಾವ ಕೊಡಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡರು.

ಉಳಿದದ್ದು ತಕ್ಕಡಿ ಏರಿತು. ಇಪ್ಪತ್ತೆರಡು ಕಿಲೋ.

"ಯಜಮಾನ್ರೇ, ನೀರು ಕುಡಿದಿದೆ. ನಾಲ್ಕು ಕಿಲೋ ಕಳೀತೀನಿ."

"ಎರಡು ಕಳಿ."

"ಮೂರು."

ಆಯಿತು ಅಂದರು. ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡರು. ಆಟೋ ಶುರುವಾಯಿತು. ಮಳೆ ಇನ್ನೂ ಜೋರಾಯಿತು. ಹಿಂದೆ ಟಾರ್ಪಾಲು ಒಂದು ಕಡೆ ಜಾರಿ, ಕಟ್ಟಿನ ಮೇಲೆ ನೇರವಾಗಿ ನೀರು ಬೀಳುತ್ತಿತ್ತು. ಮಾವ ಕೊಡೆ ನನ್ನ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿನವರೆಗೂ ಓಡಿ, ಆಟೋ ನಿಲ್ಲಿಸಿ, ಟಾರ್ಪಾಲು ಎಳೆದು ಹಗ್ಗ ಬಿಗಿದು ಬಂದರು.