ಈ ಸರಕು ನಿಮ್ಮದೆಂದು ಹೇಗೆ ಹೇಳುತ್ತೀರಿ?

ಬೇರೆ ಉದ್ಯೋಗ ಬಿಟ್ಟು ವಾಣಿಜ್ಯ ಸಾಲಿಸಿಟರ್, ಅಂದರೆ ವ್ಯಾಪಾರದ ಕರಾರುಗಳನ್ನು ನೋಡಿಕೊಳ್ಳುವ ವಕೀಲರು, ಆಗಲು ಹೊರಟವರಿಗೆ ಇಂಗ್ಲೆಂಡಿನಲ್ಲಿ ಒಂದು ಸಲಹೆ ಧಾರಾಳವಾಗಿ ಸಿಗುತ್ತದೆ. ಹಳೆಯ ಕೆಲಸವನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಕಾನೂನಿನ ಮೇಲಿನ ಒಲವನ್ನು ವಿಸ್ತಾರವಾಗಿ ಬರೆಯಿರಿ ಎನ್ನುತ್ತಾರೆ. ನನಗೂ ಹೇಳಿದರು. ನಾನು ಒಪ್ಪಲಿಲ್ಲ. ಪೀಣ್ಯದ ಗೇರ್ ಕಾರ್ಖಾನೆಯ ಖರೀದಿ ವಿಭಾಗದಲ್ಲಿ, ಆಮೇಲೆ ಗಂಡನ ಕೆಲಸದ ನಿಮಿತ್ತ ಕಾವೆಂಟ್ರಿಗೆ ಬಂದು ಉಕ್ಕಿನ ಸಗಟು ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಕಳೆದ ವರ್ಷಗಳೇ ನನ್ನನ್ನು ಕಾನೂನಿನ ಕಡೆಗೆ ಎಳೆದು ತಂದವು. ಅವನ್ನು ಬಚ್ಚಿಟ್ಟರೆ ನನ್ನ ಅರ್ಜಿಯಲ್ಲಿ ಉಳಿಯುವುದಾದರೂ ಏನು?

ನಮ್ಮಿಂದ ಉಕ್ಕಿನ ಸರಳುಗಳನ್ನು ಸಾಲದ ಮೇಲೆ ಕೊಳ್ಳುತ್ತಿದ್ದ ಒಂದು ಬಿಡಿಭಾಗಗಳ ಕಾರ್ಖಾನೆ ನಷ್ಟದಲ್ಲಿ ಮುಳುಗಿ, ದಿವಾಳಿಯ ಅಂಚಿನ ಕಂಪನಿಯ ಆಡಳಿತ ವಹಿಸಿಕೊಳ್ಳುವ ಅಡ್ಮಿನಿಸ್ಟ್ರೇಟರ್ ಕೈಗೆ ಹೋಯಿತು. ಸರಳುಗಳು ಅವರ ಅಂಗಳದಲ್ಲಿ ಬಿದ್ದಿದ್ದವು, ಹಣ ಬಂದಿರಲಿಲ್ಲ. ನಾವು ಪ್ರತಿ ಆರ್ಡರಿಗೂ ಕಳುಹಿಸುತ್ತಿದ್ದ ದೃಢೀಕರಣ ಪತ್ರದ ಹಿಂಬದಿಯಲ್ಲಿ, ಪೂರ್ತಿ ಹಣ ಪಾವತಿಯಾಗುವವರೆಗೆ ಸರಕಿನ ಒಡೆತನ ಮಾರಿದವರದೇ ಎಂಬ ಷರತ್ತು ಸಣ್ಣ ಅಕ್ಷರಗಳಲ್ಲಿತ್ತು. ಒಡೆತನ ನಮ್ಮದಾದ ಮೇಲೆ ಲಾರಿ ಕಳುಹಿಸಿ ಎತ್ತಿಕೊಂಡು ಬರೋಣವೆಂದು ಮಾಲೀಕರು ಹೊರಟೇಬಿಟ್ಟಿದ್ದರು. ನಮ್ಮ ಸಾಲಿಸಿಟರ್ ತಡೆದರು. ಇಂಗ್ಲೆಂಡಿನ 1986ರ ದಿವಾಳಿ ಕಾಯ್ದೆಯ ಪ್ರಕಾರ ಅಡ್ಮಿನಿಸ್ಟ್ರೇಟರ್ ಒಪ್ಪಬೇಕು, ಇಲ್ಲವೇ ನ್ಯಾಯಾಲಯ ಅನುಮತಿ ಕೊಡಬೇಕು. ಅಲ್ಲಿಯವರೆಗೆ ಅಂತಹ ಸರಕನ್ನು ಮುಟ್ಟುವಂತಿಲ್ಲ. ಭಾರತದ 2016ರ ದಿವಾಳಿ ಸಂಹಿತೆಯಲ್ಲೂ ಕಂಪನಿಯ ವಶದಲ್ಲಿರುವ ಸರಕನ್ನು ಅದರ ಒಡೆಯರು ಬಂದು ಒಯ್ಯುವುದಕ್ಕೆ ಇದೇ ರೀತಿಯ ತಡೆ ಇದೆ.

ಅಂಗಳಕ್ಕೆ ಬಂದ ಸಾಲಿಸಿಟರ್ ನನಗಿಂತ ಚಿಕ್ಕವಳು. ಕಾರ್ಖಾನೆಯವರು ಕೊಟ್ಟ ದೊಡ್ಡ ಬೂಟು, ಹಳದಿ ಜಾಕೆಟ್ ಹಾಕಿಕೊಂಡು ಸರಳುಗಳ ರಾಶಿಯ ಮುಂದೆ ನಿಂತು, "ಈ ಸರಕು ನಿಮ್ಮದೆಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಕುಲುಮೆಯಲ್ಲಿ ಒಮ್ಮೆಗೆ ಕರಗಿಸಿದ ಉಕ್ಕಿಗೆಲ್ಲ ಒಂದೇ ಸಂಖ್ಯೆ ಕೊಡುತ್ತಾರೆ. ಅದನ್ನು ಹೀಟ್ ನಂಬರ್ ಎನ್ನುತ್ತೇವೆ. ಸರಳಿನ ತುದಿಯಲ್ಲಿ ಅದನ್ನು ಒತ್ತಿರುತ್ತಾರೆ, ಗಿರಣಿಯ ಪರೀಕ್ಷಾ ಪ್ರಮಾಣಪತ್ರದಲ್ಲೂ ಅದೇ ಇರುತ್ತದೆ, ಯಾವ ಹೀಟ್ ಯಾರಿಗೆ ಹೋಯಿತೆಂದು ನಮ್ಮ ರವಾನೆ ಪುಸ್ತಕದಲ್ಲಿ ಬರೆದಿರುತ್ತದೆ. ನಾನು ಕುಕ್ಕರುಗಾಲಲ್ಲಿ ಕುಳಿತು ಟಾರ್ಚ್ ಹಿಡಿದು ತುಕ್ಕು ಒರೆಸಿ ಸಂಖ್ಯೆಗಳನ್ನು ಓದುತ್ತಾ ಹೋದೆ, ಅವಳು ಬರೆದುಕೊಳ್ಳುತ್ತಾ ಹೋದಳು. ಇಡಿಯಾಗಿ ಉಳಿದಿದ್ದ ಸರಳುಗಳು ಕೊನೆಗೆ ನಮಗೆ ಸಿಕ್ಕವು. ಆಗಲೇ ಹಲ್ಲು ಕೊರೆದು ಗೇರ್ ಆಗಿದ್ದವು ಕೈಬಿಟ್ಟವು.

ಅದು ಯಾಕೆ ಹಾಗೆ ಎಂಬುದನ್ನು ಅವಳು ವಾಪಸು ಬರುವಾಗ ಕಾರಿನಲ್ಲಿ ವಿವರಿಸಿದಳು. ಡಚ್ ಕಂಪನಿಯೊಂದು ಮಾರಿದ ಅಲ್ಯೂಮಿನಿಯಂ ಹಾಳೆಯ ವಿಚಾರದಲ್ಲಿ, ರೊಮಾಲ್ಪಾ ಎಂಬ ಮೊಕದ್ದಮೆಯಲ್ಲಿ, 1976ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಇಂತಹ ಷರತ್ತನ್ನು ಎತ್ತಿಹಿಡಿಯಿತಂತೆ. ಅದಾದ ಕೆಲವೇ ವರ್ಷಗಳಲ್ಲಿ ಹಲಗೆ ಮಾಡಲು ಬಳಸುವ ರಾಳದ ಮೊಕದ್ದಮೆ ಬಂತು. ರಾಳ ಮರದ ಪುಡಿಯೊಂದಿಗೆ ಬೆರೆತು ಹಲಗೆಯಾದ ಮೇಲೆ ರಾಳವೆಂಬುದೇ ಇಲ್ಲ, ಇಲ್ಲದ ವಸ್ತುವಿಗೆ ಒಡೆತನವೆಲ್ಲಿಂದ ಎಂದಿತು ನ್ಯಾಯಾಲಯ. ಇಷ್ಟು ವರ್ಷ ನಾನು ಕಣ್ಣೆತ್ತಿ ನೋಡದೆ ಮಡಚಿ ಲಕೋಟೆಗೆ ಹಾಕುತ್ತಿದ್ದ ಕಾಗದದ ಹಿಂಬದಿಯಲ್ಲಿ ಇಷ್ಟೆಲ್ಲ ಜಗಳ, ಇಷ್ಟೆಲ್ಲ ಯೋಚನೆ ತುಂಬಿತ್ತು. ಮನೆ ಸೇರುವ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಗಿತ್ತು.

ತುಮಕೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರ ಮೊದಲ ಪ್ರಶ್ನೆ, "ಕೋರ್ಟಿಗೆ ಹೋಗುವುದಿಲ್ಲ ಎನ್ನುತ್ತೀಯಲ್ಲ ಪುಟ್ಟಿ, ಅದೆಂಥ ವಕೀಲಿಕೆ?" ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ 1961ರ ವಕೀಲರ ಕಾಯ್ದೆ ಬಂದ ಮೇಲೆ ವಕೀಲರೆಲ್ಲ ಒಂದೇ ವರ್ಗ. ಇಲ್ಲಿ ಹಾಗಲ್ಲ. ಮೇಲಿನ ನ್ಯಾಯಾಲಯಗಳಲ್ಲಿ ವಾದಿಸುವುದು ಬಹುಮಟ್ಟಿಗೆ ಬ್ಯಾರಿಸ್ಟರುಗಳ ಕೆಲಸ. ಕಕ್ಷಿದಾರರನ್ನು ಎದುರು ಕೂರಿಸಿಕೊಂಡು ಕರಾರು ಬರೆಯುವುದು, ಕಂಪನಿ ಕೊಳ್ಳುವಾಗ ಮಾರುವಾಗ ಕಾಗದ ಪತ್ರ ಜಾಲಾಡುವುದು, ಸಾಲದ, ಗುತ್ತಿಗೆಯ ಷರತ್ತು ಕುದುರಿಸುವುದು ಸಾಲಿಸಿಟರ್ ಕೆಲಸ. ಅದರಲ್ಲೂ ವಾಣಿಜ್ಯ ವಿಭಾಗದವರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತದೆಯೂ ಇರಬಹುದು. ಜಗಳ ನ್ಯಾಯಾಲಯದವರೆಗೆ ಹೋಗದಂತೆ ಬರೆಯುವುದೇ ಅವರ ಕಸುಬು. "ಹಾಗಾದರೆ ಸರಿ. ಆದರೆ ಕಪ್ಪು ಕೋಟು ಹಾಕಿಕೊಂಡ ಒಂದು ಫೋಟೊ ಮಾತ್ರ ಕಳುಹಿಸು" ಎಂದರು.

ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು, ಕನ್ನಡದಲ್ಲಿ ಇದನ್ನು ಬರೆದವರು ಕಡಿಮೆ. 2021ರ ಸೆಪ್ಟೆಂಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಆಗುವವರಿಗೆ ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆ ಜಾರಿಯಲ್ಲಿದೆ. ಯಾವ ವಿಷಯದ ಪದವಿಯಾದರೂ ಆದೀತು, ನನ್ನ ಎಂಜಿನಿಯರಿಂಗ್ ಪದವಿ ನಡೆಯಿತು. ಮೊದಲ ಹಂತದಲ್ಲಿ 180ರಂತೆ ಎರಡು ಪತ್ರಿಕೆ, ಒಟ್ಟು 360 ಬಹು ಆಯ್ಕೆ ಪ್ರಶ್ನೆಗಳು. ಎರಡನೆಯ ಹಂತದಲ್ಲಿ 12 ಲಿಖಿತ, 4 ಮೌಖಿಕ ಕಾರ್ಯಗಳು. ಎರಡಕ್ಕೂ ಸೇರಿ ಶುಲ್ಕವೇ 4,500 ಪೌಂಡ್ ಮೀರುತ್ತದೆ, ತರಗತಿಗಳ ಖರ್ಚು ಬೇರೆ. ಇದರ ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಈಗ ಅದನ್ನು ನಾಲ್ಕು ಸಂಸ್ಥೆಗಳವರೆಗೆ ಹಂಚಿಕೊಂಡು ಗಳಿಸಬಹುದು, ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕರು, ಆಗಿ ದುಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಆ ದಾರಿ ಯಾವ ರೀತಿಯಲ್ಲೂ ಕೀಳಲ್ಲ. ಆದರೂ ನನಗೆ ಟ್ರೈನಿಂಗ್ ಕಾಂಟ್ರಾಕ್ಟ್ ಎಂಬ ಹಳೆಯ ಹೆಸರಿನ ತರಬೇತಿ ಹುದ್ದೆಯೇ ಬೇಕಿತ್ತು. ಅದು ಸಿಕ್ಕರೆ ದೊಡ್ಡ ವಕೀಲ ಸಂಸ್ಥೆಗಳು ಪರೀಕ್ಷೆಯ ಖರ್ಚನ್ನು ತಾವೇ ಭರಿಸುತ್ತವೆ, ಸಾಮಾನ್ಯವಾಗಿ ಆರಾರು ತಿಂಗಳಂತೆ ನಾಲ್ಕು ವಿಭಾಗಗಳಲ್ಲಿ ಕೂರಿಸಿ ಕಲಿಸುತ್ತವೆ. ಮನೆ ಸಾಲ, ಮಗುವಿನ ಶಾಲೆ ಇರುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಈ ಸಂಸ್ಥೆಗಳು ಎರಡು ವರ್ಷ ಮುಂಚಿತವಾಗಿಯೇ ಆಯ್ಕೆ ಮುಗಿಸಿಬಿಡುತ್ತವೆ, ಅದಕ್ಕೆ ತಾಳ್ಮೆ ಬೇಕು.

ಹಗಲು ಉಕ್ಕಿನ ಕಚೇರಿ, ಸಂಜೆ ಕಾನೂನಿನ ತರಗತಿ. ದಣಿವಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಒಂದು ಸಂಜೆಯನ್ನು ಮಾತ್ರ ಹೇಳದಿರಲಾರೆ. ಬಟ್ಲರ್ ಮಷೀನ್ ಟೂಲ್ ಮೊಕದ್ದಮೆಯ ಪಾಠ ನಡೆಯುತ್ತಿತ್ತು. ಮಾರುವವರು 75,535 ಪೌಂಡಿಗೆ ಒಂದು ಯಂತ್ರದ ದರ ಕೊಟ್ಟರು, ಬೆಲೆ ಏರಿದರೆ ಹೆಚ್ಚು ಕೇಳಬಹುದೆಂಬ ಷರತ್ತನ್ನು ಸೇರಿಸಿದ್ದರು. ಕೊಳ್ಳುವವರು ತಮ್ಮದೇ ಷರತ್ತುಗಳ ಆರ್ಡರ್ ಕಳುಹಿಸಿದರು. ಅದರ ಅಡಿಯಲ್ಲಿ ಹರಿದು ವಾಪಸು ಕಳುಹಿಸುವ ಚೀಟಿಯೊಂದಿತ್ತು, ಈ ಷರತ್ತುಗಳಿಗೆ ಒಪ್ಪಿದ್ದೇವೆ ಎಂದು. ಮಾರುವವರು ಅದಕ್ಕೆ ಸಹಿ ಮಾಡಿ ಕಳುಹಿಸಿದರು. ಆಮೇಲೆ 2,892 ಪೌಂಡ್ ಹೆಚ್ಚು ಕೇಳಿದಾಗ ಆ ಚೀಟಿಯೇ ಅವರನ್ನು ಸೋಲಿಸಿತು. ಪೀಣ್ಯದಲ್ಲಿ ನಾನು ಕಳುಹಿಸುತ್ತಿದ್ದ ಪ್ರತಿ ಪರ್ಚೇಸ್ ಆರ್ಡರಿನ ಕೊನೆಯಲ್ಲೂ, ಒಪ್ಪಿಗೆಯ ಗುರುತಾಗಿ ನಕಲು ಪ್ರತಿಗೆ ಸಹಿ ಹಾಕಿ ಹಿಂದಿರುಗಿಸಬೇಕು ಎಂಬ ಸಾಲಿರುತ್ತಿತ್ತು. ಸಹಿ ಬಾರದಿದ್ದರೆ ನಮ್ಮ ಮ್ಯಾನೇಜರ್ ಸರಬರಾಜುದಾರರ ಬೆನ್ನು ಬಿಡುತ್ತಿರಲಿಲ್ಲ. ಅವರು ಕಾನೂನು ಓದಿದವರಲ್ಲ, ಆದರೆ 1872ರ ಭಾರತೀಯ ಕರಾರು ಕಾಯ್ದೆಯ ಏಳನೆಯ ಕಲಮು, ಒಪ್ಪಿಗೆ ಯಾವ ಷರತ್ತೂ ಇಲ್ಲದೆ ಪೂರ್ಣವಾಗಿರಬೇಕು ಎನ್ನುವುದು, ಅವರ ಬೆರಳ ತುದಿಯಲ್ಲಿತ್ತು. ಅಂದು ನಾನು ಆ ಮನುಷ್ಯನನ್ನು ಗೌರವದಿಂದ ನೆನೆದೆ.

ಅರ್ಜಿಗಳಿಗೆ ನಿರಾಕರಣೆಗಳು ಬಂದವು. ಕೆಲವು ಕಡೆ ವ್ಯಾಟ್ಸನ್ ಗ್ಲೇಸರ್ ಎಂಬ ತರ್ಕಶಕ್ತಿಯ ಪರೀಕ್ಷೆಯವರೆಗೆ, ಕೆಲವು ಕಡೆ ವಿಡಿಯೊ ಸಂದರ್ಶನದವರೆಗೆ ತಲುಪಿದೆ. ಕೊನೆಗೆ ಬರ್ಮಿಂಗ್‌ಹ್ಯಾಮಿನ ಒಂದು ಸಂಸ್ಥೆ ಇಡೀ ದಿನದ ಆಯ್ಕೆಗೆ ಕರೆಯಿತು.

ನ್ಯೂ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು, ವಿಕ್ಟೋರಿಯಾ ಸ್ಕ್ವೇರ್ ದಾಟಿ, ಕೋಲ್ಮೋರ್ ರೋ ಹಿಡಿದು ನಡೆದೆ. ನಗರದ ವಕೀಲರು, ಬ್ಯಾಂಕಿನವರು ಬಹುಪಾಲು ಈ ಬೀದಿಯ ಆಸುಪಾಸಿನಲ್ಲೇ ಇದ್ದಾರೆ. ಬೆಳಗ್ಗೆ ಗುಂಪು ಚರ್ಚೆ. ಬಹುತೇಕರು ವಿಶ್ವವಿದ್ಯಾಲಯದಿಂದ ಆಗಷ್ಟೇ ಬಂದ ಹುಡುಗ ಹುಡುಗಿಯರು, ಚುರುಕು ಮಾತಿನವರು. ನನ್ನ ವಯಸ್ಸಿನವರೆಂದರೆ ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ಒಬ್ಬರು ಮಾತ್ರ. ಚರ್ಚೆಯಲ್ಲಿ ಎಲ್ಲರೂ ಒಳ್ಳೆಯವರಾಗಿ ನಡೆದುಕೊಂಡೆವು, ಅಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ.

ಆಮೇಲೆ ಲಿಖಿತ ಪರೀಕ್ಷೆ. ಒಂದು ಗಂಟೆ, ಒಂದು ಕಡತ, ಕಕ್ಷಿದಾರರಿಗೆ ಒಂದು ಪತ್ರ. ಕಕ್ಷಿದಾರರು ಒಂದು ಕುಟುಂಬದ ಒಡೆತನದ ಅಲ್ಯೂಮಿನಿಯಂ ಬಿಡಿಭಾಗಗಳ ಕಂಪನಿಯ ಷೇರುಗಳನ್ನೆಲ್ಲ ಕೊಳ್ಳಲಿದ್ದಾರೆ, ಅಪಾಯಗಳೇನು? ಕಡತದಲ್ಲಿ ಲೆಕ್ಕಪತ್ರ, ಕಾರ್ಖಾನೆಯ ಗುತ್ತಿಗೆ, ದೊಡ್ಡ ಗ್ರಾಹಕರೊಂದಿಗಿನ ಪೂರೈಕೆ ಕರಾರು, ಲೋಹ ಸರಬರಾಜುದಾರರ ಷರತ್ತುಗಳು, ಒಂದು ಪತ್ರಿಕೆಯ ತುಣುಕು. ಕೈ ತಾನಾಗಿಯೇ ಸರಬರಾಜುದಾರರ ಷರತ್ತುಗಳತ್ತ ಹೋಯಿತು. ಪುಟ ತಿರುಗಿಸಿದರೆ ಅದೇ ಹಳೆಯ ಪರಿಚಯದ ಸಾಲು: ಬಾಕಿಯೆಲ್ಲ ತೀರುವವರೆಗೆ ಒಡೆತನ ನಮ್ಮದೇ. ಎಂದರೆ ಲೆಕ್ಕಪತ್ರದಲ್ಲಿ ಆಸ್ತಿಯೆಂದು ತೋರಿಸಿದ್ದ ದಾಸ್ತಾನಿನಲ್ಲಿ ಹಣ ಕಟ್ಟದ ಭಾಗವೆಷ್ಟು ಎಂಬುದನ್ನು ಕೇಳಲೇಬೇಕು.

ದೊಡ್ಡ ಗ್ರಾಹಕರ ಕರಾರಿನಲ್ಲಿ ಇನ್ನೂ ಭಾರವಾದದ್ದಿತ್ತು. ಷೇರು ಕೊಂಡಾಗ ಕಂಪನಿಯ ಕರಾರುಗಳು ಕಂಪನಿಯಲ್ಲೇ ಉಳಿಯುತ್ತವೆ, ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ. ಆದರೆ ಈ ಕರಾರಿನಲ್ಲಿ, ಕಂಪನಿಯ ಹಿಡಿತ ಬೇರೆಯವರ ಕೈಗೆ ಹೋದರೆ ಗ್ರಾಹಕರು ಕರಾರು ಮುಗಿಸಬಹುದು ಎಂಬ ಷರತ್ತಿತ್ತು. ಲೆಕ್ಕಪತ್ರ ನೋಡಿದರೆ ಅರ್ಧಕ್ಕಿಂತ ಹೆಚ್ಚಿನ ವಹಿವಾಟು ಆ ಒಬ್ಬ ಗ್ರಾಹಕರದೇ. ಖರೀದಿ ವಿಭಾಗದಲ್ಲಿ ಕುಳಿತವರಿಗೆ ಇಂತಹ ಷರತ್ತು ಏಕೆ ಹಾಕುತ್ತಾರೆಂದು ಗೊತ್ತು. ನಮಗೆ ಬಿಡಿಭಾಗ ಕೊಡುವವರು ನಾಳೆ ನಮ್ಮ ಪ್ರತಿಸ್ಪರ್ಧಿಯ ಕೈಗೆ ಸೇರಿಬಿಟ್ಟರೆ? ಆ ಭಯಕ್ಕೇ ಅದು.

ನಾನು ಪತ್ರವನ್ನು ಕಡತದ ಕ್ರಮದಲ್ಲಿ ಬರೆಯಲಿಲ್ಲ, ಹಣ ನಿಲ್ಲಬಹುದಾದ ಕ್ರಮದಲ್ಲಿ ಬರೆದೆ. ಮೊದಲು ಆ ಗ್ರಾಹಕರ ಲಿಖಿತ ಒಪ್ಪಿಗೆ ಸಿಗಬೇಕು, ಅದು ಸಿಗದೆ ಖರೀದಿ ಪೂರ್ಣವಾಗದಂತೆ ಪೂರ್ವಷರತ್ತು ಹಾಕಬೇಕು. ನಂತರ ಸರಬರಾಜುದಾರರ ಬಾಕಿ ಪಟ್ಟಿ ತರಿಸಿ ದಾಸ್ತಾನಿನ ಬೆಲೆಯನ್ನು ಮತ್ತೆ ಕಟ್ಟಬೇಕು. ಗುತ್ತಿಗೆಯದು ಮೂರನೆಯ ಮಾತು. ಮೊಕದ್ದಮೆಗಳ ಹೆಸರನ್ನು ಒಂದನ್ನೂ ಬರೆಯಲಿಲ್ಲ. ಕಂಪನಿ ಕೊಳ್ಳಲು ಹೊರಟವರಿಗೆ ಬೇಕಾದದ್ದು ಯಾವ ಕಾಗದಕ್ಕೆ ಯಾರ ಸಹಿ, ಯಾವಾಗ ಎಂಬುದು.

ಮಧ್ಯಾಹ್ನ ಇಬ್ಬರು ಪಾಲುದಾರರ ಮುಂದೆ ಸಂದರ್ಶನ. ಪತ್ರ ಅವರ ಕೈಯಲ್ಲಿತ್ತು. "ಇದನ್ನು ಓದಿ ಕಕ್ಷಿದಾರರು ಖರೀದಿಯನ್ನೇ ಕೈಬಿಟ್ಟರೆ?" ಎಂದು ಒಬ್ಬರು ಕೇಳಿದರು. "ಕೈಬಿಡುವುದಿಲ್ಲ, ಬೆಲೆ ಇಳಿಸಲು ಬಳಸುತ್ತಾರೆ. ಅವರ ಜಾಗದಲ್ಲಿ ನಾನು ವರ್ಷಗಟ್ಟಲೆ ಕುಳಿತಿದ್ದೇನೆ" ಎಂದೆ. ಅವರು ಅದನ್ನು ಬರೆದುಕೊಂಡರು. ಇನ್ನೊಬ್ಬರು, ನನಗಿಂತ ಹತ್ತು ವರ್ಷ ಚಿಕ್ಕವರು ನನ್ನ ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿದರೆ ಹೇಗನಿಸೀತು ಎಂದು ಕೇಳಿದರು. ಉಕ್ಕಿನ ಅಂಗಳದ ಆ ಹುಡುಗಿಯ ವಿಷಯ ಹೇಳಿದೆ. ಹೀಟ್ ನಂಬರ್ ಎಂದರೇನು ಎಂದು ಅವರು ಕೇಳಿದರು, ಹೇಳಿದೆ. ಸರಳಿನ ತುದಿಯನ್ನೇ ಕತ್ತರಿಸಿಬಿಟ್ಟಿದ್ದರೆ ಉಳಿದ ತುಂಡನ್ನು ಹೇಗೆ ಗುರುತಿಸುತ್ತಿದ್ದಿರಿ ಎಂದು ಮತ್ತೆ ಕೇಳಿದರು. ಅಲ್ಲಿಂದ ಮುಂದೆ ಸಂದರ್ಶನವೆಂಬ ಬಿಗುವು ಹೋಗಿ, ಕಸುಬಿನವರು ಕಸುಬಿನ ಬಗ್ಗೆ ಆಡುವ ಮಾತಾಯಿತು.

ಮರುವಾರ ಕರೆ ಬಂತು. ಹುದ್ದೆ ಸಿಕ್ಕಿತ್ತು. ಅಮ್ಮನಿಗೆ ಹೇಳಿದೆ, ಅಮ್ಮ ಇಡೀ ಬೀದಿಗೆ ಹೇಳಿದರು. ಎಸ್‌ಕ್ಯೂಇಯ ಎರಡೂ ಹಂತ ಮುಗಿಸಿ ಈಗ ವಾಣಿಜ್ಯ ಕರಾರುಗಳ ವಿಭಾಗದಲ್ಲಿ ಮೊದಲ ಆರು ತಿಂಗಳ ತರಬೇತಿಯಲ್ಲಿದ್ದೇನೆ. ಸಂಬಳ ಹಿಂದಿನದಕ್ಕಿಂತ ಕಡಿಮೆ, ಕೆಲಸದ ಗಂಟೆಗಳು ಹೆಚ್ಚು. ಆದರೂ ಬೆಳಗ್ಗೆ ರೈಲು ಹತ್ತುವಾಗ ನನಗೆ ಖುಷಿಯಾಗುತ್ತದೆ.

ಆ ದಿನ ಜೊತೆಯಲ್ಲಿದ್ದ ಫಾರ್ಮಸಿಸ್ಟ್‌ಗೆ ಹುದ್ದೆ ಸಿಗಲಿಲ್ಲ. ನಾವು ಸ್ನೇಹಿತರಾಗಿ ಉಳಿದೆವು. ಮೊನ್ನೆ ಅವರ ಹೊಸ ಅರ್ಜಿಯ ಕರಡು ಓದಿದೆ. ಕಾನೂನಿನ ಮೇಲಿನ ಪ್ರೀತಿಗೆ ಒಂದು ಪುಟ, ಔಷಧ ಅಂಗಡಿಗೆ ಎರಡು ಸಾಲು. ಇಲ್ಲಿನ ಔಷಧ ಅಂಗಡಿಗಳಿಗೆ ಸರ್ಕಾರಿ ಆರೋಗ್ಯ ಸೇವೆ ಹಣ ತುಂಬಿಕೊಡುವುದು ನಿಗದಿತ ದರಪಟ್ಟಿಯ ಪ್ರಕಾರ. ಕೊರತೆ ಬಿದ್ದು ಸಗಟು ಬೆಲೆ ಆ ದರಕ್ಕಿಂತ ಮೇಲೇರಿದರೆ ಪ್ರತಿ ಡಬ್ಬಿಯೂ ನಷ್ಟ. ಆ ನಷ್ಟವನ್ನು ಅವರು ವರ್ಷಗಟ್ಟಲೆ ಗಲ್ಲಾದಲ್ಲಿ ಕುಳಿತು ತೂಗಿಸಿದವರು. ಔಷಧ ಕಂಪನಿಗಳ, ಸಗಟು ವ್ಯಾಪಾರಿಗಳ ಪೂರೈಕೆ ಕರಾರು ಬರೆಯುವ ಸಂಸ್ಥೆಗೆ ಇದನ್ನಲ್ಲದೆ ಮತ್ತೇನನ್ನು ಹೇಳಬೇಕು? ಅರ್ಜಿಯ ಗಡುವು ಈ ತಿಂಗಳ ಕೊನೆಗೆ. ಭಾನುವಾರ ದರಪಟ್ಟಿ, ಸಗಟು ಬಿಲ್ಲುಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬನ್ನಿ, ಆ ಎರಡು ಸಾಲಿನಿಂದಲೇ ಶುರು ಮಾಡೋಣ ಎಂದಿದ್ದೇನೆ.