ಮಡಿಕೇರಿ ಮಳೆಗೆ ಏನು ಹಾಕೋದು?

3 ಆಗಸ್ಟ್ 2025, ಭಾನುವಾರ
ಮಡಿಕೇರಿ

ಅಕ್ಕನ ಮಗಳಿಗೆ ಮಡಿಕೇರಿಯಲ್ಲೇ ಕೆಲಸ ಸಿಕ್ಕಿದೆ, ಮುಂದಿನ ವಾರ ಬರುತ್ತಾಳೆ. ನಿನ್ನೆ ಫೋನಿನಲ್ಲಿ "ಚಿಕ್ಕಮ್ಮ, ದಪ್ಪ ಜರ್ಕಿನ್ ಎರಡು ತಗೊಂಡಿದ್ದೀನಿ, ಸಾಕಾ?" ಅಂತ ಕೇಳಿದಳು. ಎರಡನ್ನೂ ಅಲ್ಲೇ ಬಿಟ್ಟು ಬಾ ಅಂದೆ. ಇಲ್ಲಿಗೆ ಈಗ ಬೇಕಿರುವುದು ಬೇಗ ಒಣಗುವ ಬಟ್ಟೆ. ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಆಗಲಿಲ್ಲ. ಇವತ್ತು ರಜೆ, ಹೊರಗೆ ಜಡಿಮಳೆ, ಕೂತು ಬರೆಯುತ್ತಿದ್ದೇನೆ. ಈ ಊರಿಗೆ ಹೊಸದಾಗಿ ಬರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಬೆಂಗಳೂರಿನವರಿಗೆ ಗಿರಿಧಾಮ ಅಂದರೆ ಚಳಿ. ಆದರೆ ಲೆಕ್ಕ ಹಾಕಿ ನೋಡಿ. ಬೆಂಗಳೂರೇ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಮಡಿಕೇರಿ ಅದಕ್ಕಿಂತ ಇನ್ನೂರು, ಇನ್ನೂರೈವತ್ತು ಮೀಟರ್ ಮೇಲಿದೆ, ಅಷ್ಟೇ. 1,000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಅನ್ನುವ ಲೆಕ್ಕ ಹಿಡಿದರೂ ಎತ್ತರದಿಂದ ಆಗುವ ವ್ಯತ್ಯಾಸ ಒಂದೂವರೆ ಡಿಗ್ರಿ ಆಸುಪಾಸು. ಹಾಗಾದರೆ ಇಲ್ಲಿ ಮೈ ನಡುಗುವುದು ಯಾಕೆ? ಒದ್ದೆಗೆ. ಅರಬ್ಬಿ ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಮಳೆ ಸುರಿಸುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ, ಹಾಸಿಗೆ, ಪುಸ್ತಕ, ಬಟ್ಟೆ ಎಲ್ಲದರಲ್ಲೂ ತೇವ ಕೂತಿರುತ್ತದೆ. ಮೈಮೇಲಿನ ಒದ್ದೆ ಬಟ್ಟೆ ಆರುವಾಗ ಮೈಯ ಶಾಖವನ್ನು ಎಳೆದುಕೊಂಡೇ ಆರುತ್ತದೆ. ಆ ಚಳಿಗೆ ದಪ್ಪ ಜರ್ಕಿನ್ ಏನೂ ಮಾಡಲಾರದು. ಅದೇ ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ.

ಅದಕ್ಕೇ ಜೀನ್ಸ್ ಬೇಡ ಅನ್ನುತ್ತೇನೆ. ಹತ್ತಿ ನೀರನ್ನು ನೂಲಿನ ಒಳಗೇ ಎಳೆದುಕೊಳ್ಳುತ್ತದೆ, ಜೀನ್ಸ್ ಅಂತೂ ದಪ್ಪ ಹತ್ತಿ. ಬಸ್ ಸ್ಟ್ಯಾಂಡಿನಿಂದ ಆಫೀಸಿಗೆ ಹತ್ತಿಕೊಂಡು ಬರುವಷ್ಟರಲ್ಲಿ ಮೊಣಕಾಲವರೆಗೆ ನೆನೆದು, ಸಂಜೆ ಐದಕ್ಕೂ ಹಾಗೇ ತಣ್ಣಗೆ ಕಾಲಿಗೆ ಅಂಟಿಕೊಂಡಿರುತ್ತದೆ. ಪಾಲಿಯೆಸ್ಟರ್ ನೂಲು ತನ್ನ ತೂಕದ ಶೇ 1ರಷ್ಟೂ ನೀರು ಹೀರುವುದಿಲ್ಲ, ಕೊಡವಿದರೆ ಅರ್ಧ ನೀರು ಹೋಗುತ್ತದೆ, ಫ್ಯಾನಿನ ಕೆಳಗೆ ಹರಡಿದರೆ ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತದೆ. ಬೇಸಿಗೆಯಲ್ಲಿ ನಾವು ಬೈಯುವ ಬಟ್ಟೆಯೇ ಮಳೆಗಾಲದಲ್ಲಿ ಕಾಪಾಡುವುದು. ಮಲೆನಾಡಿನ ಹೆಂಗಸರಿಗೆ ಇದು ಮೊದಲಿಂದ ಗೊತ್ತು. ಹತ್ತಿ ಸೀರೆ ಮಡಿಸಿಟ್ಟು ಮಳೆಗಾಲಕ್ಕೆ ಅಂತಲೇ ತೆಳು ಸಿಂಥೆಟಿಕ್ ಸೀರೆಗಳನ್ನು ತೆಗೆಯುತ್ತಾರೆ.

ನಾನು ಈ ತಿಂಗಳುಗಳಲ್ಲಿ ಹಾಕುವುದು ಇಷ್ಟೇ. ಒಳಗೆ ಆಟದವರು ಹಾಕುವಂಥ ತೆಳು ಟೀ ಶರ್ಟ್, ಅದರ ಮೇಲೆ ತೆಳು ಉಣ್ಣೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಮಳೆ ಜರ್ಕಿನ್. ಏರು ಹತ್ತುವಾಗ ಬೆವರಿದರೆ ಸ್ವೆಟರ್ ತೆಗೆದು ಬ್ಯಾಗಿಗೆ. ಪ್ಯಾಂಟು ಹಿಮ್ಮಡಿಗಿಂತ ಸ್ವಲ್ಪ ಮೇಲೆಯೇ ನಿಲ್ಲಬೇಕು. ನೆಲ ಗುಡಿಸುವ ಪಲಾಝೋ ಚಂದವೇ, ಆದರೆ ಮಳೆಯಲ್ಲಿ ಅದು ರಸ್ತೆಯ ಕೆಂಪು ನೀರನ್ನೆಲ್ಲ ಮೇಲಕ್ಕೆ ಎಳೆಯುತ್ತದೆ. ಚೂಡಿದಾರಿಗೆ ದುಪಟ್ಟಾದ ಬದಲು ಕುತ್ತಿಗೆಗೆ ಸುತ್ತಿಕೊಳ್ಳುವ ಚಿಕ್ಕ ಸ್ಟೋಲ್ ಸಾಕು.

ಜರ್ಕಿನ್ ಕೊಳ್ಳುವಾಗ ಹೊರಗಿನ ಹೊಳಪು ನೋಡಬೇಡಿ, ಒಳಗೆ ತಿರುವಿ ಹೊಲಿಗೆ ನೋಡಿ. ಹೊಲಿಗೆಯ ಉದ್ದಕ್ಕೂ ಟೇಪ್ ಅಂಟಿಸಿದ್ದರೆ ಸರಿ. ಇಲ್ಲದಿದ್ದರೆ ಬಟ್ಟೆ ಎಷ್ಟೇ ಗಟ್ಟಿ ಇರಲಿ, ಸೂಜಿ ಚುಚ್ಚಿದ ತೂತಿನಿಂದಲೇ ಭುಜಕ್ಕೆ ನೀರು ಇಳಿಯುತ್ತದೆ. ದಪ್ಪ ಪ್ಲಾಸ್ಟಿಕ್ ರೈನ್‌ಕೋಟ್ ಬೈಕಿಗೆ ಒಳ್ಳೆಯದು, ಏರು ಹತ್ತುವವರಿಗಲ್ಲ, ಮಳೆ ಹೊರಗೇ ನಿಂತರೂ ಬೆವರು ಒಳಗೇ ನೆನೆಸುತ್ತದೆ. ಕಂಕುಳ ಕೆಳಗೆ ಜಿಪ್ ಇದ್ದರೆ ತುಂಬ ಆರಾಮ.

ಇನ್ನು ಬಣ್ಣ. ಇದು ಸುಮ್ನೆ ಶೋಕಿಯ ಮಾತಲ್ಲ. ಸಂಜೆ ಮಂಜು ಇಳಿದಾಗ ಹತ್ತು ಹೆಜ್ಜೆ ಆಚೆ ನಿಂತವರು ಕಾಣುವುದಿಲ್ಲ, ತಿರುವುಗಳು ಬೇರೆ. ಕಪ್ಪು ಜರ್ಕಿನ್, ಕಪ್ಪು ಕೊಡೆ, ಕಪ್ಪು ಪ್ಯಾಂಟು ಹಾಕಿ ರಸ್ತೆ ಬದಿ ನಡೆಯುವವರನ್ನು ಕಂಡರೆ ನನಗೆ ಭಯ. ಗಾಡಿಯವರಿಗೆ ದೂರದಿಂದಲೇ ಕಾಣಬೇಕು. ಸಾಸಿವೆ ಹಳದಿ, ಕಿತ್ತಳೆ, ಕೆಂಪು ಹಾಕಿ. ಬೂದು ಮಂಜಿನಲ್ಲಿ, ಕಾಫಿ ಗಿಡಗಳ ಕಡು ಹಸಿರಿನ ಪಕ್ಕ ಸಾಸಿವೆ ಹಳದಿಯಷ್ಟು ಚಂದ ಒಪ್ಪುವ ಬಣ್ಣ ಬೇರೆ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಾಲಿನ ವಿಷಯಕ್ಕೆ ಜಾಸ್ತಿ ಗಮನ ಕೊಡಬೇಕು. ಈ ಊರಿನಲ್ಲಿ ಸಮತಟ್ಟು ರಸ್ತೆ ಕಡಿಮೆ, ಮೆಟ್ಟಿಲುಗಳ ಮೇಲೆ ಪಾಚಿ. ಅಡಿಯಲ್ಲಿ ಆಳವಾದ ಗೀರುಗಳಿರುವ, ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ರಸ್ತೆಗೆ, ಆಫೀಸ್ ಚಪ್ಪಲಿ ಬ್ಯಾಗಿನಲ್ಲಿ. ಇಲ್ಲಿ ಎಷ್ಟೋ ಜನ ಮಾಡುವುದು ಹೀಗೆ. ಚರ್ಮದ ಶೂ ಈ ತಿಂಗಳುಗಳಲ್ಲಿ ಹೊರಗೆ ತೆಗೆಯದಿದ್ದರೂ ಬೂಷ್ಟು ಹಿಡಿಯುತ್ತದೆ. ಕ್ಯಾನ್ವಾಸ್ ಶೂ ನೆನೆದರೆ ಒಳಗೆ ಹಳೇ ಪೇಪರ್ ತುರುಕಿ, ಪೇಪರ್ ಒದ್ದೆಯಾದಾಗ ಬದಲಾಯಿಸುತ್ತಾ ಇರಬೇಕು.

ಮಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಹೋಗುವ ಹುಡುಗ ಹುಡುಗಿಯರು ಹವಾಯಿ ಚಪ್ಪಲಿ, ಚಡ್ಡಿಯಲ್ಲಿ ಮೇಲೆ ನಿಂತು ಗಾಳಿಗೆ ಹಲ್ಲು ಕಟಕಟಿಸುವುದನ್ನು ನೋಡಿದಾಗಲೆಲ್ಲ ಯಾರಾದರೂ ಮೊದಲೇ ಹೇಳಬಾರದಿತ್ತೇ ಅನ್ನಿಸುತ್ತದೆ. ಹುಲ್ಲಿನಲ್ಲಿ ಜಿಗಣೆ ಬೇರೆ. ಸಾದಾ ಕಾಲುಚೀಲದ ನೂಲಿನ ಸಂದಿಯಲ್ಲೇ ಅದು ತೂರಿಕೊಂಡು ಕಚ್ಚುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಮೊಣಕಾಲವರೆಗೆ ಹೊಲಿದ ಜಿಗಣೆ ಸಾಕ್ಸ್ ಸಿಗುತ್ತದೆ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ ಮೇಲೆ ದಾರ ಬಿಗಿದರೆ ಆಯಿತು.

ನಿಜವಾಗಿ ಬಟ್ಟೆ ಹಾಕುವುದು ಹೇಗೆ ಅಂತ ಕಲಿಯಬೇಕಾದರೆ ತೋಟದ ಕೆಲಸಕ್ಕೆ ಹೋಗುವ ಹೆಂಗಸರನ್ನು ನೋಡಬೇಕು. ನಮ್ಮ ಬೀದಿಯ ಕೊನೆಯಲ್ಲಿ ಬೆಳಿಗ್ಗೆ ಜೀಪಿಗೆ ಕಾಯುತ್ತಾ ನಿಂತಿರುತ್ತಾರೆ. ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಗಂಡಸರ ಹಳೇ ತುಂಬುತೋಳಿನ ಶರ್ಟು, ಮಣಿಕಟ್ಟಿನ ಗುಂಡಿ ಹಾಕಿರುತ್ತದೆ, ಕಾಫಿ ರೆಂಬೆ ತರಚಬಾರದು, ಚಿಗಳಿ ಇರುವೆ ಒಳಗೆ ಹೋಗಬಾರದು. ತಲೆಗೆ ಬಿಗಿಯಾಗಿ ಟವೆಲ್. ಪ್ಲಾಸ್ಟಿಕ್ ಶೀಟನ್ನು ಕೊಪ್ಪೆಯ ಹಾಗೆ ಮಡಿಸಿ ತಲೆಯಿಂದ ಬೆನ್ನ ಮೇಲೆ ಇಳಿಬಿಟ್ಟರೆ ಎರಡೂ ಕೈ ಕೆಲಸಕ್ಕೆ ಖಾಲಿ, ಬಗ್ಗಿದರೂ ಬೆನ್ನು ನೆನೆಯುವುದಿಲ್ಲ. ಕಾಲಿಗೆ ಗಮ್‌ಬೂಟ್. ನೀಲಿ ಚೌಕುಳಿ ಶರ್ಟು, ಕೆಂಪು ಹೂವಿನ ಸೀರೆ, ಹಳದಿ ಪ್ಲಾಸ್ಟಿಕ್, ಅದರ ನಡುವೆ ಅಂದವಾಗಿ ಇಟ್ಟ ಕುಂಕುಮ. ಪೇಟೆಯ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಟ್ರೆಕ್ಕಿಂಗ್ ಬಟ್ಟೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಅವರ ಉಡುಪಿಗೆ ಯಾರೂ ಸ್ಟೈಲ್ ಅನ್ನುವುದಿಲ್ಲ. ನಾನು ಅನ್ನುತ್ತೇನೆ.

ಕೊಡವರ ಹಬ್ಬದ ಉಡುಪಿನಲ್ಲೂ ನನಗೆ ಕಾಣುವುದು ಇದೇ ಜಾಣತನ. ಹೆಂಗಸರು ಸೀರೆಯ ನೆರಿಗೆ ಹಿಂದಕ್ಕೆ ಹಿಡಿದು, ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ತಂದು ಬಲ ಭುಜದ ಮೇಲೆ ಕಟ್ಟುತ್ತಾರೆ. ಕೊಡಗಿನ ಬಲಮುರಿಯಲ್ಲಿ ಕಾವೇರಿ ಹರಿದು ಹೋದ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತು ಅನ್ನುವುದು ಕಥೆ. ಕಥೆ ಏನೇ ಇರಲಿ, ಆ ಸೀರೆಯಲ್ಲಿ ಏರು ಹತ್ತಿದರೆ ನೆರಿಗೆ ಕಾಲಿಗೆ ಸಿಗುವುದಿಲ್ಲ, ಸೆರಗು ಜಾರುವುದಿಲ್ಲ. ಗಂಡಸರ ಕುಪ್ಯ ಮೊಣಕಾಲ ಹತ್ತಿರ ಬರುವ ಗಿಡ್ಡ ತೋಳಿನ ನಿಲುವಂಗಿ, ಒಳಗೆ ತುಂಬುತೋಳಿನ ಬಿಳಿ ಶರ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಪೀಚೆಕತ್ತಿ ಅನ್ನುವ ಚಿಕ್ಕ ಬಾಕು. ಮುಂದಿನ ತಿಂಗಳು ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ. ಎಷ್ಟೋ ಮನೆಗಳಲ್ಲಿ ಈಗಲೇ ಕುಪ್ಯ ತೆಗೆದು ಬೂಷ್ಟು ಹಿಡಿದಿದೆಯಾ ಅಂತ ನೋಡಿಕೊಳ್ಳುತ್ತಿರುತ್ತಾರೆ.

ಅಂದ ಹಾಗೆ ಇವತ್ತು ಕಕ್ಕಡ 18, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪನ್ನು ತಿನ್ನುವ ದಿನ. ಪಕ್ಕದ ಮನೆ ಆಂಟಿ ಮದ್ದುಸೊಪ್ಪಿನ ಪಾಯಸ ಕೊಟ್ಟು ಹೋದರು, ಗಾಢ ನೇರಳೆ ಬಣ್ಣ, ಘಮ್ ಅನ್ನುವ ವಾಸನೆ. ಬಿಳಿ ಬಟ್ಟೆ ಹಾಕಿಕೊಂಡು ಇದನ್ನು ತಿನ್ನಲು ಕೂರಬಾರದು.

ಬೂಷ್ಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಟ್ಟೆ ಪೂರ್ತಿ ಒಣಗದೆ ಬೀರುವಿಗೆ ಹೋಗಲೇಬಾರದು. ಮುಟ್ಟಿದಾಗ ತಣ್ಣಗಿದ್ದರೆ ಒಣಗಿಲ್ಲ ಅಂತಲೇ ಲೆಕ್ಕ. ಹಳೇ ಮನೆಗಳಲ್ಲಿ ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟುತ್ತಾರೆ, ಬಟ್ಟೆಗೆ ಹೊಗೆಯ ವಾಸನೆ ಬರುತ್ತದೆ, ಆದರೆ ಬೆಚ್ಚಗೆ ಒಣಗುತ್ತದೆ. ನಮ್ಮಂಥ ಬಾಡಿಗೆ ಮನೆಯವರಿಗೆ ಫ್ಯಾನ್, ಇಸ್ತ್ರಿ ಪೆಟ್ಟಿಗೆ. ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಹಳೇ ಬುರುಡೆ ಬಲ್ಬ್ ಹಾಕಿಸಿದ್ದೇನೆ, ಎಲ್‌ಇಡಿ ಅಲ್ಲ, ಬಿಸಿಯಾಗುವಂಥದ್ದು. ಬಟ್ಟೆಗೆ ತಾಗದ ಹಾಗೆ ಸುತ್ತ ತಂತಿ ಬಲೆ ಇದೆ. ನಾನು ಮನೆಯಲ್ಲಿದ್ದಾಗ ಸಂಜೆ ಸ್ವಲ್ಪ ಹೊತ್ತು ಹಚ್ಚಿದರೆ ಒಳಗಿನ ಗಾಳಿ ಬೆಚ್ಚಗಾಗಿ ರೇಷ್ಮೆ ಸೀರೆಗಳು ಉಳಿಯುತ್ತವೆ.

ಕೊನೆಗೆ ಸ್ವೆಟರ್. ಉಣ್ಣೆ ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ, ಅದಕ್ಕೇ ಒಂದಾದರೂ ಇರಲಿ. ಅಕ್ಕನ ಮಗಳು ಬಂದ ಮೇಲೆ ಬೈಲುಕುಪ್ಪೆಗೆ ಕರೆದುಕೊಂಡು ಹೋಗುತ್ತೇನೆ, 1961ರಿಂದ ಅಲ್ಲಿ ಟಿಬೆಟನ್ನರ ಊರಿದೆ, ಕುಶಾಲನಗರ ದಾಟಿದರೆ ಸಿಕ್ಕಿತು. ಚಳಿಗಾಲದಲ್ಲಿ ಟಿಬೆಟನ್ನರು ಊರೂರಿನ ಫುಟ್‌ಪಾತಿನಲ್ಲಿ ಮಾರುವ ಸ್ವೆಟರ್‌ಗಳು ಹೆಚ್ಚಾಗಿ ಲೂಧಿಯಾನದಿಂದ ಬಂದವು, ಎಲ್ಲವೂ ಶುದ್ಧ ಉಣ್ಣೆ ಅಲ್ಲ, ಒಳಗಿನ ಚೀಟಿ ಓದಿಯೇ ಕೊಳ್ಳಬೇಕು. ಉಣ್ಣೆಯದು ಸಿಕ್ಕರೆ ತಣ್ಣೀರಿನಲ್ಲಿ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಮಂಚದ ಮೇಲೆ ಹರಡಿ ಒಣಗಿಸಬೇಕು. ಹಗ್ಗಕ್ಕೆ ನೇತುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ.