ಮೋಲ್ಡಿಗೆ ಮೊದಲೇ ದುಡ್ಡು ಬೇಕು, ಬ್ಯಾಂಕು ಮೋಲ್ಡ್ ಆದ ಮೇಲೆ ಕೊಡುತ್ತೆ

ಮೋಲ್ಡಿಗೆ, ಅಂದರೆ ತಾರಸಿಯ ಕಾಂಕ್ರೀಟಿಗೆ, ಸೆಂಟ್ರಿಂಗ್ (ಕೆಳಗೆ ಆಸರೆಗೆ ಕೊಡೋ ಅಚ್ಚಿನ ಶೀಟು) ಹೊಡೆದಾಗಿತ್ತು. ಕಂಬಿ ಕಟ್ಟಿಯಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಪೈಪು ಎಳೆದು, ಫ್ಯಾನ್ ಬಾಕ್ಸ್ ಇಟ್ಟು ಹೋಗಿದ್ದ. ಕಾಂಕ್ರೀಟ್ ಸುರಿಯೋದೊಂದೇ ಬಾಕಿ. ಅಂಥಾ ಹೊತ್ತಲ್ಲಿ ತುಮಕೂರಿನ ನಮ್ಮ ಮನೆ ಕೆಲಸ ಹನ್ನೊಂದು ದಿನ ನಿಂತುಹೋಯಿತು. ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೆ. ತಮಾಷೆ ಏನಂದರೆ ನನ್ನ ಹೆಸರಲ್ಲಿ 24 ಲಕ್ಷ ಸಾಲ ಮಂಜೂರಾಗಿತ್ತು, ಅದರಲ್ಲಿ 19 ಲಕ್ಷಕ್ಕೂ ಜಾಸ್ತಿ ಇನ್ನೂ ಬ್ಯಾಂಕಿನಲ್ಲೇ ಕೂತಿತ್ತು.

ಮನೆ ಕಟ್ಟೋ ಸಾಲ ಅಂದರೆ ಸೈಟು ಕೊಳ್ಳೋ ಸಾಲದ ಹಾಗಲ್ಲ. ಒಂದೇ ಸಲ ಪೂರ್ತಿ ಕೊಡಲ್ಲ. ಪಾಯ, ಲಿಂಟಲ್ (ಬಾಗಿಲು ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ), ಮೋಲ್ಡ್, ಪ್ಲಾಸ್ಟರಿಂಗ್, ಫಿನಿಶಿಂಗ್ ಅಂತ ಹಂತ ಹಂತವಾಗಿ ಕೊಡುತ್ತಾರೆ. ಪ್ರತಿ ಹಂತಕ್ಕೂ ಬ್ಯಾಂಕಿನ ಕಡೆಯ ಎಂಜಿನಿಯರ್, ಅಂದರೆ ವ್ಯಾಲ್ಯುಯರ್, ಬಂದು ನೋಡಿ ಶೇಕಡಾ ಇಷ್ಟು ಕೆಲಸ ಆಗಿದೆ ಅಂತ ರಿಪೋರ್ಟ್ ಕೊಟ್ಟ ಮೇಲೇ ಕಂತು. ಇದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಏನಂದರೆ, ಕಂಟ್ರಾಕ್ಟರ್ ಪ್ರತಿ ಹಂತಕ್ಕೂ ಮೊದಲೇ ದುಡ್ಡು ಕೇಳುತ್ತಾನೆ, ಬ್ಯಾಂಕು ಪ್ರತಿ ಹಂತವೂ ಮುಗಿದ ಮೇಲೆ ಕೊಡುತ್ತೆ. ಇಬ್ಬರ ಮಧ್ಯೆ ಸಿಕ್ಕಿಹಾಕಿಕೊಳ್ಳೋನು ಮನೆ ಯಜಮಾನ.

ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಥ ಆಗಲ್ಲ. 40x50 ಸೈಟು, 13 ಚದರದ ಒಂದೇ ಅಂತಸ್ತಿನ ಮನೆ. ಸಂಪು, ಕಾಂಪೌಂಡು ಎಲ್ಲ ಸೇರಿ ಎಸ್ಟಿಮೇಟ್ 32 ಲಕ್ಷ. ಸಾಲ 24, ನಮ್ಮ ಪಾಲು, ಬ್ಯಾಂಕಿನ ಭಾಷೆಯಲ್ಲಿ ಮಾರ್ಜಿನ್, 8. ನಮ್ಮ ಹತ್ತಿರ ಉಳಿತಾಯ ಇದ್ದದ್ದು ಹನ್ನೊಂದೂವರೆ. ಎಂಟು ಹಾಕಿದರೂ ಮೂರೂವರೆ ಕೈಯಲ್ಲಿರುತ್ತೆ ಅಂತ ಆರಾಮಾಗಿದ್ದೆ. ಪಾಯ ಮುಗಿದ ಕೂಡಲೇ ಮೊದಲ ಕಂತು ಬರುತ್ತೆ ಅಂತ ಕಂಟ್ರಾಕ್ಟರಿಗೂ ಧೈರ್ಯವಾಗಿ ಹೇಳಿದ್ದೆ.

ಪಾಯ ಮುಗಿಯಿತು. ವ್ಯಾಲ್ಯುಯರ್ ಬಂದು 18 ಪರ್ಸೆಂಟ್ ಅಂತ ಬರೆದುಕೊಟ್ಟರು. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಮೇಡಂ ಕ್ಯಾಲ್ಕುಲೇಟರ್ ತೆಗೆದು ನನ್ನ ಮುಂದೆಯೇ ಒತ್ತಿ ತೋರಿಸಿದರು. 32 ಲಕ್ಷಕ್ಕೆ 18 ಪರ್ಸೆಂಟ್ ಅಂದರೆ 5 ಲಕ್ಷ 76 ಸಾವಿರ. "ನಿಮ್ಮ ಮಾರ್ಜಿನ್ 8 ಲಕ್ಷ ಮೊದಲು ಹಾಕಬೇಕಲ್ವಾ ಸರ್, ಇನ್ನೂ ಅದೇ ಮುಗಿದಿಲ್ಲ. ಈ ಹಂತಕ್ಕೆ ಏನೂ ಬರಲ್ಲ" ಅಂದರು. ನಾನು ಆಗಲೇ ಎಂಟೂವರೆ ಲಕ್ಷ ಖರ್ಚು ಮಾಡಿದ್ದೆ. ಬಿಲ್ಲು ತೋರಿಸಿದೆ. ಅದು ಅವರಿಗೆ ಲೆಕ್ಕಕ್ಕಿಲ್ಲ. ನೀವು ಎಷ್ಟು ಖರ್ಚು ಮಾಡಿದಿರಿ ಅನ್ನೋದನ್ನ ಬ್ಯಾಂಕು ನೋಡಲ್ಲ, ಎಸ್ಟಿಮೇಟಿನಲ್ಲಿ ಎಷ್ಟು ಭಾಗ ಎದ್ದು ನಿಂತಿದೆ ಅನ್ನೋದನ್ನ ನೋಡುತ್ತೆ. ನಮ್ಮ ಸೈಟಿನಲ್ಲಿ ಒಂದು ಮೂಲೆ ತುಂಬಿಸಿದ ಮಣ್ಣು, ಗಟ್ಟಿ ನೆಲ ಸಿಗೋವರೆಗೂ ಅಗೆದು ಅಗೆದು ಪಾಯಕ್ಕೇ ಹೆಚ್ಚುಕಮ್ಮಿ ಎರಡು ಲಕ್ಷ ಜಾಸ್ತಿ ಹೋಗಿತ್ತು. ಆ ದುಡ್ಡು ಭೂಮಿಯೊಳಗೆ ಹೋಯಿತು, ಯಾವ ಪರ್ಸೆಂಟಿಗೂ ಸೇರಲಿಲ್ಲ.

ಮಾರ್ಜಿನ್ ವಿಷಯ ಸಾಲ ಕೇಳೋ ದಿನವೇ ಕೇಳಬೇಕಿತ್ತು. ನಮ್ಮ ಪಾಲು ಪೂರ್ತಿ ಮೊದಲು ಹಾಕಬೇಕಾ, ಇಲ್ಲ ಪ್ರತಿ ಕಂತಿನಲ್ಲೂ ಅವರದ್ದಿಷ್ಟು ನಮ್ಮದಿಷ್ಟು ಅಂತ ಜೊತೆಗೇ ಹೋಗುತ್ತಾ? ಎರಡೂ ಥರದ ಬ್ಯಾಂಕುಗಳಿವೆ. ಅಂದಹಾಗೆ ಮಾರ್ಜಿನ್ ಇಲ್ಲದೆ ಪೂರ್ತಿ ಸಾಲ ಕೊಡಿಸುತ್ತೀನಿ ಅಂತ ಯಾರಾದರೂ ಏಜೆಂಟ್ ಹೇಳಿದರೆ ನಂಬಬೇಡಿ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90 ಪರ್ಸೆಂಟ್, 30ರಿಂದ 75 ಲಕ್ಷದವರೆಗೆ 80, ಅದಕ್ಕಿಂತ ಮೇಲೆ 75 ಪರ್ಸೆಂಟ್ ಅಂತ ಆರ್‌ಬಿಐ ಮಿತಿ ಇಟ್ಟಿದೆ.

ಸರಿ, ಲಿಂಟಲ್ ಮಟ್ಟಕ್ಕೆ ಬಂದೆವು. ಈ ಸಲ ಬಂದ ವ್ಯಾಲ್ಯುಯರ್ ಬೇರೆಯವರು. ಬೈಕಿನಲ್ಲಿ ಬಂದರು, ಹೆಲ್ಮೆಟ್ ಕೂಡ ತೆಗೆಯಲಿಲ್ಲ, ಜಾಗದ ಗುರುತು ಬೀಳೋ ಹಾಗೆ ಮೊಬೈಲಲ್ಲಿ ಆರೇಳು ಫೋಟೊ ಹೊಡೆದುಕೊಂಡು ಹತ್ತು ನಿಮಿಷಕ್ಕೆ ಹೊರಟರು. ನಾನು ಅವತ್ತು ಆಫೀಸಿನಲ್ಲಿದ್ದೆ, ಮೇಸ್ತ್ರಿ ಫೋನಲ್ಲಿ ಹೇಳಿದ್ದು ಇದು. ರಿಪೋರ್ಟ್ 40 ಪರ್ಸೆಂಟ್. 12.8 ಲಕ್ಷದಲ್ಲಿ ನಮ್ಮ 8 ಕಳೆದು 4 ಲಕ್ಷ 80 ಸಾವಿರ ಬಂತು. ನಾನು ಅಷ್ಟರಲ್ಲಿ ಖರ್ಚು ಮಾಡಿದ್ದು ಸುಮಾರು 16 ಲಕ್ಷ. ಕೈಯಲ್ಲಿ ಉಳಿದದ್ದು ಮೂವತ್ತು ಸಾವಿರ.

ಕಂಟ್ರಾಕ್ಟರ್ ಮೋಲ್ಡಿಗೆ ಮೂರೂವರೆ ಲಕ್ಷ ಕೇಳಿದ. ಕಬ್ಬಿಣದ ಅಂಗಡಿಯ ಬಾಕಿ, ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್, ಕಾಂಕ್ರೀಟ್ ಗ್ಯಾಂಗಿನ ಕೂಲಿ. ಬ್ಯಾಂಕಿನವರನ್ನ ಕೇಳಿದರೆ "ಮೋಲ್ಡ್ ಆಗಲಿ ಸರ್, ಮಾರನೇ ದಿನವೇ ವ್ಯಾಲ್ಯುಯರ್ ಕಳಿಸ್ತೀವಿ." ಕಂಟ್ರಾಕ್ಟರನ್ನ ಕೇಳಿದರೆ "ಸಾರ್, ಶೀಟು, ಜಾಕಿ ಇನ್ನೊಂದು ಸೈಟಿಗೆ ಒಪ್ಕೊಂಡಿದೀನಿ. ಗ್ಯಾಂಗಿನವರು ರಾಯಚೂರು ಕಡೆಯವರು, ಯುಗಾದಿಗೆ ಊರಿಗೆ ಹೋದರೆ ಹದಿನೈದು ದಿನ ವಾಪಸ್ ಬರಲ್ಲ." ಇಬ್ಬರು ಹೇಳೋದೂ ನಿಜವೇ. ಅದೇ ಕಷ್ಟ.

ದಿನಾ ಸಂಜೆ ಸೈಟಿಗೆ ಹೋಗಿ ಏಣಿ ಹತ್ತಿ ನಿಲ್ಲುತ್ತಿದ್ದೆ. ಪಕ್ಕದ ಹೊಂಗೆ ಮರದ ಎಲೆ ಉದುರಿ ಕಂಬಿ ಮಧ್ಯೆ ಸೇರಿಕೊಳ್ಳುತ್ತಿತ್ತು. ಒಂದು ರಾತ್ರಿ ಸಣ್ಣ ಮಳೆ ಬಂತು, ಬೆಳಿಗ್ಗೆ ನೋಡಿದರೆ ಕಂಬಿಯ ಮೇಲೆ ತೆಳ್ಳಗೆ ಕಂದು ಬಣ್ಣದ ತುಕ್ಕು. ಮೇಸ್ತ್ರಿ ಗೋಣಿಚೀಲದಲ್ಲಿ ಒರೆಸಿ ತೋರಿಸಿ "ಇಷ್ಟಕ್ಕೆ ಏನಾಗಲ್ಲ ಸಾರ್, ಪದರ ಕಟ್ಟಿ ಉದುರಿದರೆ ತಾನೇ ತೊಂದರೆ" ಅಂದ. ಸಮಾಧಾನ ಆಯಿತು ಅಂತ ಹೇಳಲಾರೆ.

ಆಮೇಲೆ ನಾನು ಮಾಡಿದ ಒಂದು ಬುದ್ಧಿವಂತಿಕೆ ಕೆಲಸ ಅಂದರೆ ವ್ಯಾಲ್ಯುಯರ್ ರಿಪೋರ್ಟಿನ ಪ್ರತಿ ಕೇಳಿದ್ದು. ಮೊದಲು ಶಾಖೆಯಲ್ಲಿ "ಅದು ಬ್ಯಾಂಕಿನ ಒಳಗಿನ ದಾಖಲೆ" ಅಂದರು. ಸುಮ್ನೆ ಕೂತೆ. ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ತಾವೇ ಕರೆದು ಸ್ಕ್ರೀನ್ ತಿರುಗಿಸಿ ತೋರಿಸಿದರು. ಒಂದೊಂದೇ ಸಾಲು ನೋಡುತ್ತಾ ಹೋದೆ. ಸಂಪು ಅನ್ನೋ ಸಾಲಿನ ಮುಂದೆ ಸೊನ್ನೆ! ಎಸ್ಟಿಮೇಟಿನಲ್ಲಿ ಸಂಪಿಗೆ 1 ಲಕ್ಷ 28 ಸಾವಿರ ಇತ್ತು, ಸಂಪು ಕಟ್ಟಿ ಅದೇ ನೀರಲ್ಲಿ ಗೋಡೆಗೆ ಕ್ಯೂರಿಂಗ್ ಕೂಡ ಮಾಡುತ್ತಿದ್ದೆವು. ಆಗಿದ್ದೇನಂದರೆ, ಮೊದಲ ಸಲ ವ್ಯಾಲ್ಯುಯರ್ ಬಂದಾಗ ಸಂಪಿನ ಮೇಲೆ ಸ್ಲ್ಯಾಬ್ ಹಾಕಿರಲಿಲ್ಲ, ಬಿಟ್ಟರು. ಎರಡನೇ ಸಲ ಬಂದಾಗ ಅದರ ಮೇಲೆ ಸೆಂಟ್ರಿಂಗ್ ಶೀಟು ಪೇರಿಸಿಟ್ಟಿದ್ದರು, ಕಾಣಲಿಲ್ಲ.

ಅವತ್ತೇ ಪತ್ರ ಬರೆದೆ. ಸಂಪಿನ ಫೋಟೊ, ಎಸ್ಟಿಮೇಟಿನ ಆ ಪುಟ, ಬಿಲ್ಲುಗಳು ಲಗತ್ತಿಸಿ, ಮತ್ತೊಮ್ಮೆ ಪರಿಶೀಲನೆ ಮಾಡಿ ಅಂತ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡೆ, ಅದನ್ನೇ ಇಮೇಲ್ ಕೂಡ ಮಾಡಿದೆ. ಬಾಯಲ್ಲಿ ಹೇಳಿದ್ದು ಬ್ಯಾಂಕಿನಲ್ಲಿ ಗಾಳಿಗೆ ಹೋಗುತ್ತೆ, ಅದರಲ್ಲೂ ಮಾರ್ಚ್ ತಿಂಗಳಲ್ಲಿ. ವ್ಯಾಲ್ಯುಯರ್ ಫೀಸು ಇನ್ನೊಮ್ಮೆ ಕಟ್ಟಿದೆ, 1,500 ರೂಪಾಯಿ. ಈ ಸಲ ರಜೆ ಹಾಕಿ ನಾನೇ ಸೈಟಿನಲ್ಲಿ ನಿಂತಿದ್ದೆ. ಶೀಟು ತೆಗೆಸಿ, ಮುಚ್ಚಳ ಎತ್ತಿಸಿ, ಟಾರ್ಚ್ ಬಿಟ್ಟು ತೋರಿಸಿದೆ. ಆ ಮನುಷ್ಯನಿಗೆ ಸ್ವಲ್ಪ ಮುಜುಗರ ಆಯಿತು ಅನ್ನಿಸುತ್ತೆ. ಈ ಸಲ ಹೆಲ್ಮೆಟ್ ತೆಗೆದರು. 40 ಇದ್ದದ್ದು 44 ಆಯಿತು. 1 ಲಕ್ಷ 28 ಸಾವಿರ ಬಂತು.

ಉಳಿದದ್ದಕ್ಕೆ ಅಮ್ಮನ ಎರಡೆಳೆ ಸರ, ನನ್ನ ಹೆಂಡತಿಯ ಬಳೆ. ಎರಡೂಕಾಲು ಲಕ್ಷಕ್ಕೆ ಅಡ ಇಟ್ಟೆವು. ಪರ್ಸನಲ್ ಲೋನ್ ತಗೋ ಅಂತ ಸ್ನೇಹಿತ ಹೇಳಿದ. ಅದು ಬಡ್ಡಿಯೂ ಜಾಸ್ತಿ, ತಿಂಗಳ ಕಂತು ವರ್ಷಗಟ್ಟಲೆ ಬೆನ್ನು ಬಿಡಲ್ಲ. ಚಿನ್ನ ಆದರೆ ಬ್ಯಾಂಕಿನ ಕಂತು ಬಂದ ದಿನವೇ ಬಿಡಿಸಿಕೊಳ್ಳಬಹುದು. ಮೋಲ್ಡ್ ಆಯಿತು. ರಿಪೋರ್ಟ್ 60 ಪರ್ಸೆಂಟ್ ಬಂತು, 5 ಲಕ್ಷ 12 ಸಾವಿರ ಬಿಡುಗಡೆ ಆಯಿತು, ನಲವತ್ತನೇ ದಿನಕ್ಕೆ ಸರ ಮನೆಗೆ ಬಂತು. ಅಮ್ಮ ಏನೂ ಅನ್ನಲಿಲ್ಲ, ಆದರೆ ಕತ್ತಿಗೆ ಹಾಕಿಕೊಳ್ಳೋ ಮುಂಚೆ ಕೊಂಡಿ ಸರಿಯಿದೆಯಾ ಅಂತ ಎರಡು ಸಲ ನೋಡಿದರು.

ಮೋಲ್ಡ್ ಆದ ಮೇಲೆ ಕಂಟ್ರಾಕ್ಟರ್ ಜೊತೆ ಕೂತು ಅಗ್ರಿಮೆಂಟ್ ತಿದ್ದಿದೆವು. ಇದನ್ನ ಗುದ್ದಲಿ ಪೂಜೆಗೆ ಮೊದಲೇ ಮಾಡಬೇಕಿತ್ತು, ಇರಲಿ. ಬ್ಯಾಂಕಿನ ಹಂತದ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಪ್ರತಿ ಹಂತದ ದುಡ್ಡನ್ನ ಎರಡು ಭಾಗ ಮಾಡಿದೆವು. ಅರ್ಧ ಸಾಮಾನು ಸೈಟಿಗೆ ಬಂದಾಗ, ಅರ್ಧ ಬ್ಯಾಂಕಿನ ಕಂತು ಬಂದ ಮೂರು ದಿನದೊಳಗೆ. ದೊಡ್ಡ ಸಾಮಾನು ನಾನೇ ಅಂಗಡಿಯಿಂದ ತರಿಸೋದು, ಅವನ ಲೆಕ್ಕದಲ್ಲಿ ಕಳೆಯೋದು. ಅಂಗಡಿಯವರು ಹದಿನೈದು ದಿನ ತಡೆದುಕೊಳ್ಳುತ್ತಾರೆ, ಕೂಲಿಯವರು ಶನಿವಾರದ ಬಟವಾಡೆಗೆ ಒಂದು ದಿನವೂ ತಡೆದುಕೊಳ್ಳೋಕೆ ಆಗಲ್ಲ. ಹಾಗಾಗಿ ಕೈಯಲ್ಲಿರೋ ನಗದು ಕೂಲಿಗೆ, ಅಂಗಡಿಯಲ್ಲಿ ಉದ್ರಿ. ಕೊನೆಯ 5 ಪರ್ಸೆಂಟ್ ಎಲ್ಲ ಕೆಲಸ ಮುಗಿದ ಮೇಲೆ. ಅವನು ಗೊಣಗಿದ, ಒಪ್ಪಿದ. ಕೊಟ್ಟದ್ದೆಲ್ಲ ಬ್ಯಾಂಕ್ ಖಾತೆಯಿಂದಲೇ ಕೊಟ್ಟೆ.

ಬಡ್ಡಿ ವಿಷಯ ಒಂದು. ಪೂರ್ತಿ ಸಾಲ ಬಿಡುಗಡೆ ಆಗೋವರೆಗೂ ತಗೊಂಡಷ್ಟಕ್ಕೆ ಮಾತ್ರ ಬಡ್ಡಿ, ಅದಕ್ಕೆ ಪ್ರೀ-ಇಎಂಐ ಅಂತಾರೆ. 4.8 ಲಕ್ಷಕ್ಕೆ ಎಂಟೂವರೆ ಪರ್ಸೆಂಟಿನಲ್ಲಿ ತಿಂಗಳಿಗೆ 3,400 ರೂಪಾಯಿ. ಬಾಡಿಗೆ ಮನೆಯಲ್ಲಿದ್ದುಕೊಂಡು ಇದನ್ನೂ ಕಟ್ಟಬೇಕು. ನಮ್ಮ ಮಂಜೂರಾತಿ ಪತ್ರದಲ್ಲಿ 18 ತಿಂಗಳು ದಾಟಿದರೆ ಮನೆ ಮುಗಿದಿರಲಿ ಬಿಡಲಿ ಪೂರ್ತಿ ಇಎಂಐ ಶುರು ಅಂತಿತ್ತು, ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಕಟ್ಟಿದ ಬಡ್ಡಿಯ ಚೀಟಿ ಬಿಸಾಕಬೇಡಿ. ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಮನೆ ಮುಗಿಯೋಕೆ ಮುಂಚೆ ಕಟ್ಟಿದ ಬಡ್ಡಿಯನ್ನ, ಮನೆ ಮುಗಿದ ವರ್ಷದಿಂದ ಐದು ಸಮ ಕಂತಿನಲ್ಲಿ ತೋರಿಸಬಹುದು. ನಾವೇ ವಾಸ ಮಾಡೋ ಮನೆಗೆ ವರ್ಷಕ್ಕೆ ಎಲ್ಲ ಬಡ್ಡಿ ಸೇರಿ 2 ಲಕ್ಷದ ಮಿತಿ.

ಆ ಸಂಪಿನ ಕಂತಿನದ್ದೇ ಇನ್ನೊಂದು ಕತೆ. ಕಂಟ್ರಾಕ್ಟರ್ ಹೆಸರಿಗೆ ಚೆಕ್ ಬರೆದು ಐದು ದಿನ ಶಾಖೆಯ ಡ್ರಾಯರಿನಲ್ಲೇ ಇಟ್ಟಿದ್ದರು. ಸ್ಟೇಟ್‌ಮೆಂಟ್ ನೋಡಿದರೆ ಬಡ್ಡಿ ಚೆಕ್ಕಿನ ತಾರೀಖಿನಿಂದಲೇ. ಹೀಗೆ ಮಾಡೋದು ಸರಿಯಲ್ಲ ಅಂತ ಆರ್‌ಬಿಐ 2024ರ ಏಪ್ರಿಲ್ 29ರಂದೇ ಸುತ್ತೋಲೆ ಹೊರಡಿಸಿದೆ, ಚೆಕ್ ಬದಲು ನೇರ ಖಾತೆಗೆ ಹಾಕಿ ಅಂತಲೂ ಅದರಲ್ಲಿ ಹೇಳಿದೆ. ಅದನ್ನ ಪ್ರಿಂಟ್ ಹಾಕಿಸಿಕೊಂಡು ಹೋದೆ. ವಾಪಸ್ ಬಂದದ್ದು 149 ರೂಪಾಯಿ. ಹೆಂಡತಿ ಈಗಲೂ ನಗುತ್ತಾಳೆ. ಆದರೆ ಅಲ್ಲಿಂದ ಮುಂದಿನ ಕಂತೆಲ್ಲ ನೇರ ಖಾತೆಗೇ ಬಂತು, ಬಡ್ಡಿ ತಾರೀಖೂ ಸರಿಯಾಗಿತ್ತು. ಬರೆದು ಕೊಟ್ಟ ದೂರಿಗೆ 30 ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಆನ್‌ಲೈನಲ್ಲೇ ದೂರು ಹಾಕಬಹುದು, ಖರ್ಚಿಲ್ಲ. ನನಗೆ ಅಲ್ಲಿವರೆಗೆ ಹೋಗೋ ಪ್ರಸಂಗ ಬರಲಿಲ್ಲ.

ಗೃಹಪ್ರವೇಶ ಆಗಿ ಆರು ವಾರ ಆಯಿತು. ಬ್ಯಾಂಕು ಕೊನೆಯ 2.4 ಲಕ್ಷ ಇನ್ನೂ ಹಿಡಿದಿಟ್ಟುಕೊಂಡಿದೆ, ಕಾಂಪೌಂಡಿಗೆ ಗೇಟಿಲ್ಲ ಅಂತ. ಗೇಟು ಮಾಡೋನು ಅಡ್ವಾನ್ಸ್ ಕೇಳುತ್ತಿದ್ದಾನೆ.